ಸಂದರ್ಶನ ಮುಗಿಯಿತು, ಪಟ್ಟಿ ಬರಲಿಲ್ಲ

ತೀರ್ಥಹಳ್ಳಿ ತಾಲೂಕಿನ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದಿದ್ದಾರೆ: “ಮಗಳು ಬಿ.ಎ. ಮುಗಿಸಿದ್ದಾಳೆ. ಎರಡು ರಂಗಶಾಲೆಗಳ ಸಂದರ್ಶನಕ್ಕೆ ಹೋಗಿ ಬಂದಳು. ವಾರದೊಳಗೆ ತಿಳಿಸುತ್ತೇವೆ ಅಂದಿದ್ದರಂತೆ. ಮೂರನೇ ವಾರ ನಡೆಯುತ್ತಿದೆ, ಸುದ್ದಿಯಿಲ್ಲ. ಇತ್ತ ಎಂ.ಎ. ಸೇರಲು ಕೊನೇ ದಿನ ಹತ್ತಿರ ಬಂತು. ಹಣ ಕಟ್ಟಿಬಿಡೋಣ ಅನ್ನುತ್ತಾರೆ ನಮ್ಮ ಯಜಮಾನರು. ಕಟ್ಟಿದರೆ ನಾಟಕದ ಆಸೆ ಬಿಟ್ಟ ಹಾಗೇ ಅಂತ ಮಗಳು ಅಳುತ್ತಾಳೆ. ಶಾಲೆಗೆ ಫೋನ್ ಮಾಡಿದರೆ ತಪ್ಪಾದೀತೇ? ಪರಿಚಯದವರಿಂದ ಒಂದು ಮಾತು ಹೇಳಿಸಬಹುದೇ? ವೇಟಿಂಗ್ ಲಿಸ್ಟ್ ಅಂದರೆ ಆಸೆ ಇಟ್ಟುಕೊಳ್ಳಬಹುದೇ?”

ಸೋದರಿ, ನಮಸ್ಕಾರ.

ಎಂ.ಎ.ಗೆ ಹಣ ಕಟ್ಟಿ. ನಿಮ್ಮ ಬೇರೆ ಪ್ರಶ್ನೆಗಳು ನಾಲ್ಕು ದಿನ ಕಾದಾವು, ಇದು ಕಾಯುವುದಿಲ್ಲ. ಅದಕ್ಕೇ ಮೊದಲು ಬರೆಯುತ್ತಿದ್ದೇವೆ. ಹಣ ಕಟ್ಟಿದ್ದರಿಂದ ರಂಗಶಾಲೆಯ ಬಾಗಿಲು ಮುಚ್ಚುವುದಿಲ್ಲ ಎಂದು ಮಗಳಿಗೆ ಬಿಡಿಸಿ ಹೇಳಿ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಶುಲ್ಕ ಹಿಂದಿರುಗಿಸುವ ಲೆಕ್ಕ ಸ್ಪಷ್ಟವಾಗಿದೆ. ಪ್ರವೇಶದ ಕೊನೇ ದಿನಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಸೀಟು ಬಿಟ್ಟರೆ ಪೂರ್ತಿ ಶುಲ್ಕ ವಾಪಸು, ಅದರಲ್ಲಿ ಶೇ. 5ರಷ್ಟನ್ನು, ಹೆಚ್ಚೆಂದರೆ 5,000 ರೂಪಾಯಿಯನ್ನು, ಕಚೇರಿ ಖರ್ಚಿಗೆ ಹಿಡಿಯಬಹುದು. ಕೊನೇ ದಿನಕ್ಕೆ 15 ದಿನವೂ ಉಳಿದಿಲ್ಲದಾಗ ಬಿಟ್ಟರೆ ಶೇ. 90. ಕೊನೇ ದಿನ ಕಳೆದು 15 ದಿನದವರೆಗೆ ಶೇ. 80, ಅಲ್ಲಿಂದ 30ನೇ ದಿನದವರೆಗೆ ಶೇ. 50, ಆಮೇಲೆ ಏನೂ ಇಲ್ಲ. ಠೇವಣಿ ಎಂದು ಕಟ್ಟಿಸಿಕೊಂಡದ್ದು ಮಾತ್ರ ಪೂರ್ತಿ ಸಿಗಬೇಕು. ಕೆಲವು ವರ್ಷ ಆಯೋಗ ಇದಕ್ಕಿಂತ ಸಡಿಲವಾದ ಸುತ್ತೋಲೆ ಹೊರಡಿಸಿದ್ದೂ ಇದೆ, ಈ ವರ್ಷದ್ದನ್ನು ಒಮ್ಮೆ ನೋಡಿಕೊಳ್ಳಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವೇ ಆಗಲಿ, ಅದಕ್ಕೆ ಸೇರಿದ ಕಾಲೇಜೇ ಆಗಲಿ, ಈ ನಿಯಮದೊಳಗೇ ಬರುತ್ತದೆ. ಶುಲ್ಕ 12,000 ರೂಪಾಯಿ ಎಂದಿಟ್ಟುಕೊಳ್ಳಿ; ಕೊನೇ ದಿನವಾಗಿ ಹತ್ತು ದಿನಕ್ಕೆ ಬಿಟ್ಟರೆ 9,600 ಕೈಗೆ ಬರುತ್ತದೆ. ಹೋಗುವ 2,400 ರೂಪಾಯಿಗೆ ಮಗಳ ಒಂದು ವರ್ಷ ಉಳಿಯಿತು ಎಂದುಕೊಂಡರೆ ನಿಮ್ಮ ಯಜಮಾನರ ಮಾತು ಸರಿಯಾದದ್ದೇ.

ಹಣಕ್ಕಿಂತ ಹೆಚ್ಚು ತೊಡಕಾಗುವುದು ಮೂಲ ದಾಖಲೆಗಳದ್ದು. ಅದೇ ಅಧಿಸೂಚನೆಯ ಪ್ರಕಾರ ಕಾಲೇಜಿನವರು ಮೂಲ ಅಂಕಪಟ್ಟಿಗಳನ್ನು ತಾಳೆ ನೋಡಿ ಅಲ್ಲೇ ಹಿಂದಿರುಗಿಸಬೇಕು, ಇಟ್ಟುಕೊಳ್ಳುವಂತಿಲ್ಲ. ಆದರೂ “ಇರಲಿ, ಆಮೇಲೆ ಕೊಡುತ್ತೇವೆ” ಎಂದು ಕಪಾಟಿಗೆ ಹಾಕುವುದುಂಟು. ಅಲ್ಲೇ ನಿಂತು ವಾಪಸು ಪಡೆಯಿರಿ. ಕಷ್ಟವಿರುವುದು ಟಿ.ಸಿ. ವಿಚಾರದಲ್ಲಿ: ಮೂಲಪ್ರತಿ ಇರುವುದು ಒಂದೇ, ಎಂ.ಎ.ಗೂ ಅದೇ ಬೇಕು, ರಂಗಶಾಲೆ ಕೇಳಿದರೂ ಅದೇ ಬೇಕು. ಟಿ.ಸಿ. ಕೊಡಲು ಕಾಲಾವಕಾಶವಿದೆಯೇ ಎಂದು ಕೇಳಿ. ಇದ್ದರೆ ಮುಚ್ಚಳಿಕೆ ಬರೆದುಕೊಟ್ಟು ಅದನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಎಲ್ಲದರ ದೃಢೀಕೃತ ಜೆರಾಕ್ಸ್ ಮೂರು ಸೆಟ್, ನಾಡಕಚೇರಿಯಿಂದ ಜಾತಿ-ಆದಾಯ ಪತ್ರ, ವೈದ್ಯರಿಂದ ಫಿಟ್‌ನೆಸ್ ಪತ್ರ, ಎಂಟು ಫೋಟೊ ಈ ವಾರವೇ ಒಂದು ಫೈಲಿಗೆ ಸೇರಲಿ. ಪಟ್ಟಿ ಬಂದಮೇಲೆ ಇವಕ್ಕೆ ಓಡಾಡಲು ಹೊತ್ತಿರುವುದಿಲ್ಲ.

ರಂಗಶಾಲೆಗೆ ಹಣ ಕಟ್ಟುವಾಗ ಲೆಕ್ಕ ಬೇರೆ. ಟ್ರಸ್ಟು, ಸಂಘಗಳು ನಡೆಸುವ, ವಿಶ್ವವಿದ್ಯಾಲಯಕ್ಕೆ ಸೇರದ ಡಿಪ್ಲೊಮಾಗಳಿಗೆ ಮೇಲಿನ ನಿಯಮವನ್ನು ನಂಬಿಕೊಂಡು ಹೋಗಬೇಡಿ. ಊಟ-ವಸತಿ ಯಾವುದರಲ್ಲಿ ಸೇರಿದೆ, ನಡುವೆ ಬಿಟ್ಟರೆ ಎಷ್ಟು ವಾಪಸು, ವಿದ್ಯಾರ್ಥಿವೇತನವಿದ್ದರೆ ಯಾವ ತಿಂಗಳಿಂದ ಎಂಬುದನ್ನು ಕಟ್ಟುವ ಮುನ್ನವೇ ಕೇಳಿ.

ಇನ್ನು, ಪಟ್ಟಿ ತಡವಾಗುವುದೇಕೆ? ಕನ್ನಡದ ವಸತಿ ರಂಗಶಾಲೆಗಳ ಒಂದು ವರ್ಷದ ತಂಡ ಸಾಮಾನ್ಯವಾಗಿ 15ರಿಂದ 20 ಜನರ ಆಸುಪಾಸಿನದು. ನಮ್ಮ ಜಿಲ್ಲೆಯ ಹೆಗ್ಗೋಡಿನಲ್ಲಿ 1980ರಿಂದ ನಡೆಯುತ್ತಿರುವ ನೀನಾಸಂ ರಂಗಶಿಕ್ಷಣ ಕೇಂದ್ರವಾಗಲಿ, ಸಾಣೇಹಳ್ಳಿಯ ಶಾಲೆಯಾಗಲಿ, ಹುಡುಗರು ಒಂದೇ ಆವರಣದಲ್ಲಿದ್ದುಕೊಂಡು ವರ್ಷದುದ್ದಕ್ಕೂ ನಾಟಕದ ಮೇಲೆ ನಾಟಕ ಕಟ್ಟಬೇಕು. ಹಾಗಾಗಿ ಸಂದರ್ಶಕರು ಅಂಕಗಳನ್ನು ಕೂಡಿ ಮೇಲಿನಿಂದ ಇಷ್ಟು ಜನ ಎಂದು ಗೆರೆ ಎಳೆದು ಎದ್ದುಬಿಡುವುದು ಕಡಿಮೆ. ಹಾಡುವ ಗಂಟಲು ಎಷ್ಟಿದೆ, ಮುದುಕನ ಪಾತ್ರ ಹೊರಬಲ್ಲವರು ಯಾರು, ರಂಗಸಜ್ಜಿಕೆ-ಬೆಳಕಿನ ಕೆಲಸಕ್ಕೆ ಕೈ ಹಾಕುವವರಿದ್ದಾರೆಯೇ, ಬೀದರಿನ ಮಾತೂ ಕುಂದಾಪುರದ ಮಾತೂ ತಂಡದಲ್ಲಿ ಕೇಳುತ್ತದೆಯೇ ಎಂದೆಲ್ಲ ಕೂತು ಹೊಂದಿಸುತ್ತಾರೆ. ಒಂದೇ ಬಗೆಯ ಇಬ್ಬರು ಒಳ್ಳೆಯ ನಟಿಯರಲ್ಲಿ ಒಬ್ಬಳು ಹೊರಗುಳಿಯುವುದು ಇಲ್ಲೇ. ಅವಳ ಅಭಿನಯದಲ್ಲಿ ಏನೋ ಕೊರತೆಯಿತ್ತು ಎಂದು ಅದರಿಂದ ತೀರ್ಮಾನಿಸಲಾಗದು. ಸಂದರ್ಶಕರು ಬೇರೆ ಬೇರೆ ಊರಿನವರಾದ್ದರಿಂದ ಮತ್ತೆ ಸೇರಿ ಮಾತಾಡಲೂ ದಿನ ಹಿಡಿಯುತ್ತದೆ. ಎರಡು ಶಾಲೆಗಳಲ್ಲಿ ಆಯ್ಕೆಯಾದವರು ಒಂದನ್ನು ಬಿಡಲು ಮೀನಮೇಷ ಎಣಿಸುತ್ತಾರೆ, ಆಗ ಎರಡೂ ಕಡೆ ಪಟ್ಟಿ ನಿಲ್ಲುತ್ತದೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷದ ಕೋರ್ಸಿಗಂತೂ ಎರಡು ಸಲ ಕಾಯಬೇಕು: ಮೊದಲು ಆಯ್ದ ಊರುಗಳ ಕೇಂದ್ರಗಳಲ್ಲಿ ಪ್ರಾಥಮಿಕ ಸುತ್ತು, ಅದರಲ್ಲಿ ಉಳಿದವರಿಗೆ ದೆಹಲಿಯಲ್ಲಿ ಕೆಲವು ದಿನಗಳ ಕಾರ್ಯಾಗಾರ, ಕೊನೇ ಪಟ್ಟಿ ಆಮೇಲೆ. (ಮಗಳು ಮುಂದೆ ಅತ್ತ ನೋಡುವುದಾದರೆ ಈಗಿನಿಂದಲೇ ತಾನು ಪಾತ್ರ ಮಾಡಿದ ನಾಟಕಗಳ ಕರಪತ್ರ, ಫೋಟೊ, ಪ್ರಮಾಣಪತ್ರ ಜೋಪಾನ ಮಾಡಲಿ. ಅಲ್ಲಿ ಪದವಿಯ ಜತೆಗೆ ನಾಟಕದ ಅನುಭವಕ್ಕೂ ಪುರಾವೆ ಕೇಳುತ್ತಾರೆ.)

ಸಂದರ್ಶನದ ದಿನದ ಚಹರೆಗಳಿಂದ ಫಲ ಹೇಳಹೊರಡುವುದು ಮಕ್ಕಳನ್ನು ಬಹಳ ಹಣ್ಣು ಮಾಡುತ್ತದೆ. ಎರಡೇ ನಿಮಿಷಕ್ಕೆ ಸಾಕು ಅಂದದ್ದು ಕೆಟ್ಟದ್ದಲ್ಲ, ಅರ್ಧ ಗಂಟೆ ಕೂರಿಸಿ ಮಾತಾಡಿಸಿದ್ದು ಆಯ್ಕೆಯೂ ಅಲ್ಲ. “ಇದನ್ನೇ ಕೂತುಕೊಂಡು ಹೇಳು, ಪಿಸುದನಿಯಲ್ಲಿ ಹೇಳು” ಎಂದಿದ್ದರೆ ಮೊದಲ ಸಲ ತಪ್ಪಾಯಿತೆಂದು ಅರ್ಥವಲ್ಲ. ಹೇಳಿದ್ದನ್ನು ಹಿಡಿದು ಬದಲಾಗುತ್ತಾಳೆಯೇ ಎಂದು ನೋಡಿರುತ್ತಾರೆ.

ಫೋನ್ ಮಾಡಬಹುದು, ಒಂದೇ ಸಲ. ಅವರು ಹೇಳಿದ ಗಡುವು ಕಳೆದು ನಾಲ್ಕೈದು ದಿನವಾದ ಮೇಲೆ ಸರಿ. ನಿಮ್ಮ ವಿಷಯದಲ್ಲಿ ಅದು ಆಗಿದೆ. ಮಾಡುವವಳು ಮಗಳೇ ಆಗಿರಲಿ. ಮೊದಲು ಒಂದು ಮಿಂಚಂಚೆ ಹೋಗಲಿ, ಹೀಗೆ: “ಅರ್ಜಿ ಸಂಖ್ಯೆ ಇಂಥದ್ದು, ಸಂದರ್ಶನಕ್ಕೆ ಹಾಜರಾದ ದಿನ ಇಂಥದ್ದು. ಆಯ್ಕೆಪಟ್ಟಿ ಎಂದು, ಎಲ್ಲಿ ಪ್ರಕಟವಾಗಬಹುದು ಎಂದು ದಯವಿಟ್ಟು ತಿಳಿಸಿ. ಅವಕಾಶ ಸಿಕ್ಕರೆ ಸೇರಲು ಸಿದ್ಧಳಿದ್ದೇನೆ.” ಇಷ್ಟು ಸಾಕು. ಉತ್ತರ ಬಾರದಿದ್ದರೆ ಮೂರು ದಿನ ಬಿಟ್ಟು ಬೆಳಗ್ಗೆ ಹನ್ನೊಂದರ ಮೇಲೆ ಕಚೇರಿಗೆ ಕರೆ ಮಾಡಲಿ. “ನಾನು ಆಯ್ಕೆಯಾಗಿದ್ದೇನಾ” ಎಂದು ಕೇಳಿದರೆ ಕಚೇರಿಯವರು ಹೇಳಲಾರರು. “ಪಟ್ಟಿ ಎಂದು” ಎಂದು ಕೇಳಿದರೆ ಹೇಳಬಲ್ಲರು. ಸಂದರ್ಶಕರ ಖಾಸಗಿ ನಂಬರಿಗೆ ವಾಟ್ಸಾಪ್ ಮಾಡುವುದು ಬೇಡ.

ಪರಿಚಯದವರಿಂದ ಹೇಳಿಸುವುದು ಖಂಡಿತ ಬೇಡ. ಇದನ್ನು ಕಟುವಾಗಿಯೇ ಹೇಳಬೇಕಾಗಿದೆ. ಚಿಕ್ಕ ತಂಡದಲ್ಲಿ ಯಾರ ಮಾತಿನ ಮೇಲೆ ಯಾರು ಬಂದರು ಎಂಬುದು ಮುಚ್ಚಿಡುವಂಥದ್ದಲ್ಲ. ಅದಕ್ಕಿಂತ ದೊಡ್ಡ ನಷ್ಟ ಮಗಳದ್ದು: ತನ್ನ ಶಕ್ತಿಯಿಂದ ಬಂದೆನೋ ಶಿಫಾರಸಿನಿಂದ ಬಂದೆನೋ ಎಂಬ ಅನುಮಾನ ಹೊತ್ತುಕೊಂಡು ಅವಳು ರಂಗದ ಮೇಲೆ ನಿಲ್ಲಬೇಕಾಗುತ್ತದೆ.

ವೇಟಿಂಗ್ ಲಿಸ್ಟಿನಲ್ಲಿ ಹೆಸರು ಬಂದರೆ ಆಸೆ ಇಟ್ಟುಕೊಳ್ಳಿ, ಆದರೆ ನಾಲ್ಕು ವಿಷಯ ಕೇಳಿಕೊಂಡು. ಕ್ರಮಸಂಖ್ಯೆ ಎಷ್ಟು? ಹೆಣ್ಣುಮಕ್ಕಳ ಪಟ್ಟಿ ಪ್ರತ್ಯೇಕವೇ? (ವಸತಿ ಶಾಲೆಗಳಲ್ಲಿ ಹಾಸ್ಟೆಲಿನ ಜಾಗದ ಮೇಲೆ ಇದು ನಿಂತಿರಬಹುದು. ಹಾಗಿದ್ದರೆ ಹುಡುಗನೊಬ್ಬ ಬಿಟ್ಟ ಜಾಗ ಅವಳಿಗೆ ಬರಲಿಕ್ಕಿಲ್ಲ.) ಯಾವ ದಿನಾಂಕದವರೆಗೆ ಈ ಪಟ್ಟಿಯಿಂದ ಕರೆಯುತ್ತಾರೆ? ಕರೆದರೆ ಎಷ್ಟು ಹೊತ್ತಿನಲ್ಲಿ ಹಾಜರಾಗಬೇಕು? ಜಾಗ ತೆರವಾಗುವುದು ಹೆಚ್ಚಾಗಿ ತರಗತಿ ಶುರುವಾದ ಮೊದಲ ವಾರದಲ್ಲಿ, ಆಯ್ಕೆಯಾದವರು ಬಾರದಿದ್ದಾಗ ಅಥವಾ ಬೆಳಗಿನ ಕಸರತ್ತಿಗೆ ಸೋತು ಊರಿಗೆ ಹೊರಟಾಗ. ಆ ವಾರ ಚೀಲ ಕಟ್ಟಿಟ್ಟಿರಲಿ: ಕಸರತ್ತಿಗೆ ಸಡಿಲ ಹತ್ತಿಬಟ್ಟೆ ಮೂರು ಜೊತೆ, ಹೊದಿಕೆ, ಟಾರ್ಚು, ದಾಖಲೆಗಳ ಫೈಲು.

ನಮ್ಮ ಕಡೆಯವರಿಗೆ ಮಳೆಗಾಲದಲ್ಲಿ ಇನ್ನೊಂದು ಅಪಾಯವಿದೆ. ಮರ ಬಿದ್ದು ಎರಡು ದಿನ ಕರೆಂಟು ಹೋದರೆ ಟವರಿನ ಬ್ಯಾಟರಿಯೂ ಕೂರುತ್ತದೆ. “ಮೂರು ದಿನದೊಳಗೆ ಒಪ್ಪಿಗೆ ತಿಳಿಸಿ” ಎಂಬ ಸಂದೇಶ ನಾಲ್ಕನೇ ದಿನ ಮೊಬೈಲಿಗೆ ಬಂದು ಬೀಳುತ್ತದೆ. ಆದ್ದರಿಂದ ಶಿವಮೊಗ್ಗದಲ್ಲೋ ತೀರ್ಥಹಳ್ಳಿ ಪೇಟೆಯಲ್ಲೋ ಇರುವ ನೆಂಟರ ನಂಬರನ್ನು ಎರಡನೇ ಸಂಪರ್ಕವಾಗಿ ಶಾಲೆಗೆ ಈಗಲೇ ಕೊಡಿ. ಮಗಳ ಮಿಂಚಂಚೆಯನ್ನು ಅವರೂ ದಿನಕ್ಕೊಮ್ಮೆ ನೋಡಲಿ, ಸ್ಪ್ಯಾಮ್ ಪೆಟ್ಟಿಗೆ ಸಮೇತ. ಅಂಚೆಯನ್ನು ನೆಚ್ಚಿಕೊಂಡು ಕೂರಬೇಡಿ.

ಮಗಳು ಫೋನ್ ನೋಡುವುದಕ್ಕೆ ಎರಡು ಹೊತ್ತು ಗೊತ್ತು ಮಾಡಿಕೊಳ್ಳಲಿ, ಮಧ್ಯಾಹ್ನ ಒಮ್ಮೆ, ಸಂಜೆ ಆರಕ್ಕೊಮ್ಮೆ. ಸಂದರ್ಶನದಲ್ಲಿ ಏನು ಮಾಡಿದಳು, ಏನು ಕೇಳಿದರು, ಏನು ತಿದ್ದಿದರು ಎಂಬುದನ್ನು ಮರೆಯುವ ಮೊದಲು ಬರೆದಿಡಲಿ. ಮುಂದಿನ ವರ್ಷ ಮತ್ತೆ ಹೋಗಬೇಕಾಗಿ ಬಂದರೆ ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ಸಿಗದು. ಬೆಳಗ್ಗೆ ಹತ್ತು ನಿಮಿಷ ಬಾಯಿ ಮುಚ್ಚಿ ಸಣ್ಣ ಶ್ರುತಿಯಲ್ಲಿ ಗುನುಗಿ, ಆಮೇಲೆ ಅರ್ಧ ಗಂಟೆ ಯಾವುದಾದರೂ ನಾಟಕವನ್ನು ಎಲ್ಲ ಪಾತ್ರಗಳ ಸಮೇತ ಗಟ್ಟಿಯಾಗಿ ಓದಲಿ. ಮಳೆಯ ಸದ್ದಿನ ಮೇಲೆ ಕಿರುಚಿ ಅಭ್ಯಾಸ ಮಾಡುವುದು ಬೇಡ, ಗಂಟಲು ಒಡೆಯುತ್ತದೆ. ಯಕ್ಷಗಾನ ಮೇಳಗಳ ತಿರುಗಾಟ ನಿಂತ ಈ ಮಳೆಗಾಲದಲ್ಲಿ ನಮ್ಮಲ್ಲಿ ತಾಳಮದ್ದಲೆ ನಡೆಯುತ್ತದೆ. ಹತ್ತಿರದಲ್ಲಿದ್ದರೆ ತಪ್ಪದೆ ಕಳಿಸಿ. ವೇಷವಿಲ್ಲದೆ, ಕೂತಲ್ಲೇ ಕೂತು, ಎದುರಾಳಿ ಅರ್ಥಧಾರಿಯ (ಪಾತ್ರದ ಮಾತಾಡುವವನ) ಮಾತಿಗೆ ಆ ಕ್ಷಣದಲ್ಲೇ ಮಾತು ಹುಟ್ಟಿಸುವುದನ್ನು ನೋಡಿದವರಿಗೆ ವಾಚಿಕ, ಅಂದರೆ ಮಾತಿನ ಅಭಿನಯ, ಎಂದರೇನೆಂದು ಬೇರೆ ವಿವರಿಸಬೇಕಿಲ್ಲ. ಎರಡೂ ಕಡೆ ಆಗದೇ ಹೋದರೆ ಎಂ.ಎ. ಓದುತ್ತಲೇ ಶಿವಮೊಗ್ಗದ ಹವ್ಯಾಸಿ ತಂಡವೊಂದರಲ್ಲಿ ಸೇರಿಕೊಳ್ಳಲಿ. ಪಾತ್ರವೇ ಬೇಕೆಂದಿಲ್ಲ, ಪರಿಕರ ನೋಡಿಕೊಳ್ಳುವ ಕೆಲಸ ಸಿಕ್ಕರೂ ಇಡೀ ನಾಟಕ ಕಟ್ಟುವುದನ್ನು ಒಳಗಿನಿಂದ ಕಾಣುತ್ತಾಳೆ.

ಆಯ್ಕೆಯಾದರೆ ಅದೇ ದಿನ ಒಪ್ಪಿಗೆ ಬರೆದು ಕಳಿಸಿ, ರಸೀದಿ ಪಡೆದು ಹಣ ಕಟ್ಟಿ. ಮರುದಿನವೇ ಎಂ.ಎ. ರದ್ದತಿಗೆ ಲಿಖಿತ ಅರ್ಜಿ ಕೊಡಿ, ಬಾಯಿಮಾತು ಸಾಲದು. ಅರ್ಜಿಯ ಎರಡನೇ ಪ್ರತಿಯ ಮೇಲೆ ದಿನಾಂಕ ಮತ್ತು ಮೊಹರು ಹಾಕಿಸಿಕೊಳ್ಳಿ, ಶೇ. 80ಕ್ಕೂ ಶೇ. 50ಕ್ಕೂ ನಡುವಿನ ತಕರಾರು ಬಂದರೆ ನಿಮ್ಮ ಕೈಲಿರುವ ಆಧಾರ ಆ ದಿನಾಂಕವೇ.

— ಸಂ.