ಅಜ್ಜಿ ಮನೆಯ ಲಕ್ಷ್ಮಿ ಫೋಟೋ ರವಿವರ್ಮರೇ ಬರೆದದ್ದಾ?

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ದಾವಣಗೆರೆ ಹಳೇಪೇಟೆಯಲ್ಲಿರುವ ನಮ್ಮ ಅಜ್ಜಿ ಮನೆ ಕೆಡವಿ ಹೊಸದಾಗಿ ಕಟ್ಟಿಸುತ್ತಿದ್ದೇವೆ. ದೇವರ ಮನೆಯ ಲಕ್ಷ್ಮಿ ಫೋಟೋ ಇಳಿಸಿದಾಗ ಕೆಳಗಿನ ಅಂಚಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ರವಿವರ್ಮ ಪ್ರೆಸ್, ಕಾರ್ಲಾ-ಲೋನಾವಳಾ’ ಅಂತ ಕಂಡಿತು. ಸೀರೆಯ ಮೇಲೆ ಜರಿ, ಚಮಕಿ ಹೊಲಿದಿದ್ದಾರೆ. ಇದು ರವಿವರ್ಮರು ಕೈಯಾರೆ ಬರೆದದ್ದಾ? ನಮ್ಮ ಮನೆಯವರು ‘ಬರೀ ಪ್ರಿಂಟು, ಗುಜರಿಗೆ ಹಾಕು’ ಅನ್ನುತ್ತಾರೆ. ಕಟ್ಟಿಗೆ ಹುಳ ಬೇರೆ ಹಿಡಿದಿದೆ. ಏನು ಮಾಡಲಿ?

ಉತ್ತರ: ತಂಗೀ, ಮೊದಲು ಗುಜರಿಯ ಮಾತು ಬಿಡಿ. ನಿಮ್ಮ ಮನೆಯವರು ಹೇಳಿದ್ದರಲ್ಲಿ ಒಂದು ನಿಜ ಇದೆ. ಅದು ಪ್ರಿಂಟೇ. ರವಿವರ್ಮರ ಕೈ ಆ ಕಾಗದ ಮುಟ್ಟಿಲ್ಲ. ಆದರೆ ‘ಬರೀ’ ಅನ್ನೋ ಮಾತು ಮಾತ್ರ ಸರಿಯಲ್ಲ.

ಮನೆಯಲ್ಲಿ ಭೂತಗನ್ನಡಿ ಇದ್ದರೆ ತನ್ನಿ. ಫೋಟೋವನ್ನು ಬೆಳಕಿಗೆ ಹಿಡಿದು ಲಕ್ಷ್ಮಿಯ ಕೆನ್ನೆ ನೋಡಿ. ದೂರದಿಂದ ನುಣ್ಣಗೆ ಕಾಣುವ ಕೆನ್ನೆ ಹತ್ತಿರದಿಂದ ಬರೀ ಚುಕ್ಕಿ. ಗುಲಾಬಿ, ಹಳದಿ, ತೆಳು ನೀಲಿ, ಕಂದು. ಒಂದು ಚುಕ್ಕಿ ದಪ್ಪ, ಪಕ್ಕದ್ದು ಸಣ್ಣ, ಇನ್ನೊಂದು ಸೊಟ್ಟ. ರಾಗಿ ಚೆಲ್ಲಿದ ಹಾಗೆ ಇದ್ದರೆ ಅದು ಹಳೇ ಕಲ್ಲಚ್ಚು. ಈಗಿನ ಕ್ಯಾಲೆಂಡರಿನಲ್ಲಿ ಚುಕ್ಕಿಗಳು ಅಳತೆ ಹಿಡಿದು ಸಾಲಾಗಿ ಕೂತಿರುತ್ತವೆ. ನಿಮ್ಮ ಫೋಟೋದಲ್ಲಿ ಸಾಲು ಕಂಡರೆ ಅದು ಆಮೇಲೆ ತೆಗೆದ ನಕಲು.

ಆ ಸೊಟ್ಟ ಚುಕ್ಕಿಗಳನ್ನು ಯಾರೋ ಒಬ್ಬರು ಕೂತು ಒಂದೊಂದಾಗಿ ಇಟ್ಟಿದ್ದಾರೆ. ಕಾಗದದ ಮೇಲಲ್ಲ, ಕಲ್ಲಿನ ಮೇಲೆ. ನಯ ಮಾಡಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರವನ್ನು ಎಡಬಲ ತಿರುಗಿಸಿ ಬರೆಯಬೇಕು. ಆಮೇಲೆ ಕಲ್ಲಿಗೆ ನೀರು ಸವರಿ, ಎಣ್ಣೆ ಬಣ್ಣ ಉರುಳಿಸುತ್ತಾರೆ. ನೀರು ಹಿಡಿದ ಕಡೆ ಬಣ್ಣ ಅಂಟುವುದಿಲ್ಲ, ಜಿಡ್ಡಿದ್ದ ಕಡೆ ಮಾತ್ರ ಅಂಟುತ್ತದೆ. ಅದರ ಮೇಲೆ ಕಾಗದ ಒತ್ತಬೇಕು. ಇದು ಒಂದು ಬಣ್ಣದ ಕಥೆ. ಪ್ರತಿ ಬಣ್ಣಕ್ಕೂ ಬೇರೆ ಕಲ್ಲು, ಮತ್ತೆ ಅದೇ ಕಾಗದವನ್ನು ಅದೇ ಜಾಗಕ್ಕೆ ಕೂರಿಸಿ ಒತ್ತಬೇಕು. ಕೂದಲೆಳೆಯಷ್ಟು ಜಾರಿದರೂ ತುಟಿಯ ಕೆಂಪು ತುಟಿಯಿಂದ ಆಚೆ ಬರುತ್ತದೆ. ನಿಮ್ಮ ಲಕ್ಷ್ಮಿಯ ತುಟಿಯ ಅಂಚು ನೋಡಿ, ಗೊತ್ತಾಗುತ್ತದೆ. ಕೊನೆಗೆ ಮೇಲೆ ವಾರ್ನಿಷ್ ಹೊಡೆದರೆ ಎಣ್ಣೆ ಬಣ್ಣದ ಚಿತ್ರದ ಹಾಗೆ ಮಿನುಗುತ್ತದೆ. ಇದಕ್ಕೆ ಓಲಿಯೋಗ್ರಾಫ್ ಅಂತ ಹೆಸರು.

ರವಿವರ್ಮರು ಈ ಪ್ರೆಸ್ ಶುರು ಮಾಡಿದ್ದು 1894ರಲ್ಲಿ, ಮುಂಬೈಯ ಗಿರಗಾಂವದಲ್ಲಿ. ಯಂತ್ರ ಜರ್ಮನಿಯದು, ಕೆಲಸ ಕಲಿಸಿದವರೂ ಜರ್ಮನಿಯವರು. ಮೊದಲು ಅಚ್ಚಾಗಿ ಬಂದದ್ದು ಶಕುಂತಲೆಯ ಜನನದ ಚಿತ್ರ. ಆಮೇಲೆ ಪ್ಲೇಗು ಬಂತು, ಸಾಲವೂ ಏರಿತು. ಪ್ರೆಸ್ಸನ್ನು ಲೋನಾವಳಾ ಹತ್ತಿರದ ಮಳವಲಿಗೆ ಸಾಗಿಸಿದರು. ಕಾರ್ಲಾ ಗುಹೆಗಳು ಇರುವುದು ಅಲ್ಲೇ ಪಕ್ಕದಲ್ಲಿ. ಹಾಗಾಗಿ ನಿಮ್ಮ ಫೋಟೋ ಗಿರಗಾಂವದ್ದಲ್ಲ, ಅಲ್ಲಿಂದ ಎತ್ತಿದ ಮೇಲಿನದು. ಕೆಲವೇ ವರ್ಷಗಳಲ್ಲಿ ರವಿವರ್ಮರು ಸಾಲ ತಾಳಲಾರದೆ ತಮ್ಮಲ್ಲೇ ಕೆಲಸಕ್ಕಿದ್ದ ಫ್ರಿಟ್ಜ್ ಶ್ಲೈಶರ್ ಅನ್ನೋ ಜರ್ಮನ್ ತಂತ್ರಜ್ಞನಿಗೆ ಪ್ರೆಸ್ ಮಾರಿಬಿಟ್ಟರು. ಹೆಸರು ಮಾತ್ರ ಅದೇ ಉಳಿಯಿತು. 1972ರಲ್ಲಿ ಆ ಕಾರ್ಖಾನೆಗೆ ಬೆಂಕಿ ಬಿದ್ದು ಎಷ್ಟೋ ಹಳೇ ಅಚ್ಚು ಚಿತ್ರಗಳು ಸುಟ್ಟು ಹೋದವು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಊರೂರಿನ ದೇವರ ಮನೆಗಳಲ್ಲಿ ಉಳಿದಿರುವ ಇಂಥ ಫೋಟೋಗಳನ್ನು ಎಸೆಯಬೇಡಿ ಅಂತ ನಾನು ಹೇಳುವುದು ಅದಕ್ಕೇ.

ಇನ್ನೂ ಒಂದು ಕಾರಣ ಇದೆ. ಅರಮನೆಗೆ ಬರೆದ ಎಣ್ಣೆ ಬಣ್ಣದ ಚಿತ್ರ ರಾಜರ ಗೋಡೆಯಲ್ಲಿ ಉಳಿಯಿತು. ಗುಡಿಯ ಹೊಸ್ತಿಲು ದಾಟಲು ಬಿಡದ ಜನ ಆಗ ಎಷ್ಟೋ ಮಂದಿ ಇದ್ದರು. ಅವರ ಮನೆಗೂ ಲಕ್ಷ್ಮಿ, ಸರಸ್ವತಿ ಬಂದದ್ದು ಈ ಕಾಗದದ ಮೇಲೆ. ಪೂಜಾರಿ ಬೇಕಿಲ್ಲ, ಗೋಡೆಗೊಂದು ಮೊಳೆ ಸಾಕು. ನನ್ನ ಮಟ್ಟಿಗೆ ರವಿವರ್ಮರ ದೊಡ್ಡ ಕೆಲಸ ಇದೇ.

ಜರಿ, ಚಮಕಿ ಪ್ರೆಸ್ಸಿನದಲ್ಲ. ಫೋಟೋ ತಂದ ಮೇಲೆ ಮನೆಯವರು ಹೊಲಿಯುತ್ತಿದ್ದರು, ಇಲ್ಲವೇ ಹೊಲಿಸುತ್ತಿದ್ದರು. ಬಹುಶಃ ನಿಮ್ಮ ಅಜ್ಜಿಯದೋ, ಅವರ ಅತ್ತೆಯದೋ ಕೈ. ದಯವಿಟ್ಟು ಕೀಳಬೇಡಿ.

ಈಗ ಮಾಡಬೇಕಾದ್ದು. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಕಾಗದ ಗಾಜಿಗೆ ಅಂಟಿದ್ದರೆ ಎಳೆಯಬೇಡಿ, ಬಣ್ಣವೆಲ್ಲ ಗಾಜಿನ ಜೊತೆ ಬರುತ್ತದೆ. ಊರಲ್ಲೇ ದೃಶ್ಯಕಲಾ ಮಹಾವಿದ್ಯಾಲಯ ಇದೆ. ಅಲ್ಲಿನ ಮೇಷ್ಟ್ರಿಗೆ ಒಮ್ಮೆ ತೋರಿಸಿ. ಗಾಜಿಗೆ ಅಂಟಿಲ್ಲದಿದ್ದರೆ ಹುಳ ತಿಂದ ಕಟ್ಟು, ಹಿಂದಿನ ರಟ್ಟು ಎರಡನ್ನೂ ತೆಗೆಸಿ, ಹೊಸ ಕಟ್ಟು ಹಾಕಿಸಿ. ಗಾಜಿಗೂ ಚಿತ್ರಕ್ಕೂ ನಡುವೆ ರಟ್ಟಿನ ಮೌಂಟ್ ಕೊಡಿಸಿ, ಒಂದಕ್ಕೊಂದು ತಾಗಬಾರದು. ಅಂಗಡಿಯಲ್ಲಿ ಎದುರಿಗೇ ನಿಂತು ಮಾಡಿಸಿ. ನಮ್ಮ ಮನೆಯ ಸರಸ್ವತಿ ಫೋಟೋ ಕೊಟ್ಟು ಬಂದಿದ್ದೆ. ಅಳತೆಗೆ ಬರಲಿ ಅಂತ ಕೆಳಗಿನ ಬಿಳಿ ಅಂಚನ್ನೇ ಕತ್ತರಿಸಿ ಕಟ್ಟು ಹಾಕಿ ಕೊಟ್ಟರು. ಪ್ರೆಸ್ಸಿನ ಹೆಸರು ಇದ್ದದ್ದು ಆ ಅಂಚಿನಲ್ಲೇ. ಹೊಸ ಮನೆಯಲ್ಲಿ ಪಸೆ ಹಿಡಿಯುವ ಗೋಡೆಗೆ ಹಾಕಬೇಡಿ. ಕಾಗದದ ಮುಂದೆಯೇ ದೀಪ ಹಚ್ಚಬೇಡಿ, ಒಂದು ಮೊಳ ದೂರ ಇರಲಿ.

ಪ್ರಶ್ನೆ: ಸರ್, ನಾನು ಚಿತ್ರದುರ್ಗದ ಹೈಸ್ಕೂಲ್ ಶಿಕ್ಷಕ. ಎಂಟನೇ ತರಗತಿಯ ಮಕ್ಕಳಿಗೆ ರವಿವರ್ಮರ ಬದುಕನ್ನು ಚಿತ್ರ ತೋರಿಸುತ್ತಾ ಪರಿಚಯ ಮಾಡಿಕೊಡಬೇಕು. ಸಿಗುವುದು ಒಂದೇ ಪೀರಿಯಡ್ಡು. ಯಾವ ಚಿತ್ರಗಳಿಂದ ಶುರು ಮಾಡಲಿ? ಮೈಸೂರಿನ ದೀಪ ಹಿಡಿದ ಹೆಂಗಸಿನ ಚಿತ್ರ ಇರಲೇಬೇಕು ಅಂದುಕೊಂಡಿದ್ದೇನೆ.

ಉತ್ತರ: ಆ ಒಂದು ಚಿತ್ರ ಮಾತ್ರ ಬೇಡ ಸರ್. ಅದು ರವಿವರ್ಮರದಲ್ಲ. ಬರೆದವರು ಎಸ್. ಎಲ್. ಹಲ್ದಣ್‌ಕರ್. ರವಿವರ್ಮರು ತೀರಿಕೊಂಡು ಸುಮಾರು ನಾಲ್ಕು ದಶಕದ ಮೇಲೆ, ಅದೂ ನೀರು ಬಣ್ಣದಲ್ಲಿ ಬರೆದದ್ದು. ದೀಪ ಹಿಡಿದು ನಿಂತವರು ಅವರ ಮಗಳು. ಜಗನ್ಮೋಹನ ಅರಮನೆಯಲ್ಲಿ ರವಿವರ್ಮರ ಚಿತ್ರಗಳೂ ಇರುವುದರಿಂದ ಜನ ಎರಡನ್ನೂ ಸೇರಿಸಿಬಿಟ್ಟಿದ್ದಾರೆ. ಹಲ್ದಣ್‌ಕರ್ ಅವರ ಹೆಸರು ಅವರಿಗೇ ಸಲ್ಲಬೇಕು ಅಲ್ವಾ?

ಒಂದೇ ಪೀರಿಯಡ್ಡಿಗೆ ನಾಲ್ಕು ಚಿತ್ರ ಸಾಕು. ಮೊದಲನೆಯದು ಹೂವಿನ ದಂಡೆಯಿಂದ ಕೂದಲು ಸಿಂಗರಿಸಿಕೊಳ್ಳುತ್ತಿರುವ ನಾಯರ್ ಹೆಂಗಸು. 1873ರಲ್ಲಿ ಮದರಾಸಿನ ಪ್ರದರ್ಶನದಲ್ಲಿ ಇದಕ್ಕೆ ಚಿನ್ನದ ಪದಕ ಬಂತು, ವಿಯೆನ್ನಾದಲ್ಲೂ ಬಹುಮಾನ ಬಂತು. ಆಗ ಅವರಿಗೆ 25 ವರ್ಷ. ಇಲ್ಲಿಂದ ಹಿಂದಕ್ಕೆ ಹೋಗಿ. ಹುಟ್ಟಿದ್ದು 1848ರಲ್ಲಿ, ತಿರುವಾಂಕೂರಿನ ಕಿಳಿಮಾನೂರಿನಲ್ಲಿ. ಹದಿನಾಲ್ಕರ ವಯಸ್ಸಿಗೆ ಸೋದರಮಾವ ತಿರುವನಂತಪುರದ ಅರಮನೆಗೆ ಕರೆದುಕೊಂಡು ಹೋದರು. 1868ರಲ್ಲಿ ಥಿಯೋಡರ್ ಜೆನ್ಸನ್ ಅನ್ನೋ ಚಿತ್ರಗಾರ ಅಲ್ಲಿಗೆ ಬಂದಾಗ ಎಣ್ಣೆ ಬಣ್ಣ ಕಲಿಸಲು ಒಪ್ಪಲಿಲ್ಲ. ಬರೆಯುವಾಗ ನಿಂತು ನೋಡಲು ಮಾತ್ರ ಬಿಟ್ಟರು. ಹುಡುಗ ನೋಡಿಯೇ ಕಲಿತ. ಇದನ್ನು ಮಕ್ಕಳಿಗೆ ನಿಧಾನವಾಗಿ ಹೇಳಿ. ವೃತ್ತಿಗೆ ಇಳಿಯುವ ಮುಂಚೆ ಅವರು ನಮ್ಮ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಮುಂದೆ ಹರಕೆ ಸಲ್ಲಿಸಿ ಹೋಗಿದ್ದರು ಅಂತಲೂ ಸೇರಿಸಿ. ಕಿವಿ ನೆಟ್ಟಗಾಗುತ್ತದೆ.

ಎರಡನೆಯದು ಶಕುಂತಲೆ. ಕಾಲಿಗೆ ಮುಳ್ಳು ಚುಚ್ಚಿತು ಅಂತ ನೆಪ ಮಾಡಿ ಹಿಂತಿರುಗಿ ನೋಡುವ ಚಿತ್ರ. ಅವಳು ನೋಡುತ್ತಿರುವ ದುಷ್ಯಂತ ಚಿತ್ರದಲ್ಲಿ ಇಲ್ಲ. ‘ಅವನು ಎಲ್ಲಿದ್ದಾನೆ?’ ಅಂತ ಮಕ್ಕಳನ್ನೇ ಕೇಳಿ. ಪಕ್ಕದಲ್ಲಿ ಒಂದು ತೊಗಲುಗೊಂಬೆಯ ಫೋಟೋ ಇಡಿ. ಗೊಂಬೆಯ ಬಣ್ಣ ಎಲ್ಲೆಡೆ ಒಂದೇ ಸಮ, ಶಕುಂತಲೆಗೆ ಬೆಳಕು ಒಂದು ಕಡೆಯಿಂದ ಬಿದ್ದು ಇನ್ನೊಂದು ಕಡೆ ನೆರಳು. ಪುರಾಣದವರನ್ನು ಹೀಗೆ ಮೈಕೈ ತುಂಬಿದ ಮನುಷ್ಯರ ಹಾಗೆ ನೋಡಿದ್ದು ಜನಕ್ಕೆ ಹೊಸದು.

ಮೂರನೆಯದು ಮೈಸೂರಿನಲ್ಲೇ ಇರುವ ಗಾಯಕಿಯರ ಗುಂಪು, 1889ರದ್ದು. ಹನ್ನೊಂದು ಹೆಂಗಸರು, ಒಬ್ಬೊಬ್ಬರದು ಒಂದೊಂದು ಕಡೆಯ ಉಡುಗೆ. ಯಾರ ಸೀರೆ ಹೇಗೆ ಉಟ್ಟಿದೆ ಅಂತ ಹುಡುಗಿಯರು ನಿಮಗಿಂತ ಜಾಸ್ತಿ ಹೇಳುತ್ತಾರೆ, ಬಿಡಿ. ಬರೋಡಾದ ಸಯಾಜಿರಾವ್ ಗಾಯಕವಾಡರು ಬರೆಸಿದ 14 ಪುರಾಣದ ಚಿತ್ರಗಳು, 1893ರಲ್ಲಿ ಷಿಕಾಗೋದ ಜಾಗತಿಕ ಪ್ರದರ್ಶನಕ್ಕೆ ಕಳಿಸಿದ ಹತ್ತು ಚಿತ್ರಗಳು, ಇವನ್ನು ಇಲ್ಲೇ ಒಂದು ಮಾತಲ್ಲಿ ಹೇಳಿ ಮುಂದೆ ಹೋಗಿ. ತಮ್ಮ ಸಿ. ರಾಜರಾಜವರ್ಮರನ್ನು ಮಾತ್ರ ಮರೆಯಬೇಡಿ. ಅವರೂ ಚಿತ್ರಗಾರರು. ಅಣ್ಣನ ಜೊತೆ ಊರೂರು ಅಲೆದು, ಎಷ್ಟೋ ಚಿತ್ರಗಳ ಹಿಂದಿನ ಗಿಡ, ಬೆಟ್ಟ, ಆಕಾಶಕ್ಕೆ ಕೈ ಜೋಡಿಸಿದವರು. 1905ರಲ್ಲಿ ತಮ್ಮ ಹೋದರು. 1906ರ ಅಕ್ಟೋಬರ್ 2ರಂದು ಅಣ್ಣನೂ ಹೋದರು. ಮೈಸೂರು ಅರಮನೆಗೆ ಚಿತ್ರ ಬರೆದುಕೊಟ್ಟದ್ದು ಆ ಕೊನೆಯ ದಿನಗಳಲ್ಲೇ.

ಯಾರಾದರೂ ಮಗು ‘ಎಲ್ಲಾ ದೇವಿಯರೂ ಯಾಕೆ ಬೆಳ್ಳಗೇ ಇದ್ದಾರೆ, ಮುಖ ಯಾಕೆ ಒಂದೇ ಥರ?’ ಅಂತ ಕೇಳಿದರೆ ಸುಮ್ಮನಾಗಿಸಬೇಡಿ. ಒಳ್ಳೇ ಪ್ರಶ್ನೆ ಅದು. ಇದು ನಮ್ಮ ದೇಶದ ರೀತಿಯೇ ಅಲ್ಲ ಅಂತ ಕಲಾ ವಿಮರ್ಶಕ ಆನಂದ ಕುಮಾರಸ್ವಾಮಿಯವರಂಥ ದೊಡ್ಡವರೂ ರವಿವರ್ಮರನ್ನು ಟೀಕೆ ಮಾಡಿದ್ದಾರೆ. ಬೆಳ್ಳಗಿನ ಮಾತಿಗೆ ನನ್ನ ಒಪ್ಪಿಗೆ ಇದೆ. ನಮ್ಮ ರೀತಿ ಅಲ್ಲ ಅನ್ನೋದಕ್ಕೆ ಇಲ್ಲ. ನೂರು ವರ್ಷಕ್ಕೂ ಮೇಲಾಯಿತು, ಜನ ಕೈ ಮುಗಿಯುತ್ತಲೇ ಇದ್ದಾರೆ.

ನಾಲ್ಕನೇ ಚಿತ್ರವನ್ನು ನೀವು ಒಯ್ಯಬೇಡಿ. ಹಿಂದಿನ ದಿನವೇ ಮಕ್ಕಳಿಗೆ ಹೇಳಿ ಕಳಿಸಿ. ಮನೆಯಲ್ಲಿ, ಅಜ್ಜಿ ಮನೆಯಲ್ಲಿ, ಪಕ್ಕದ ಅಂಗಡಿಯಲ್ಲಿ ಇರುವ ಹಳೇ ದೇವರ ಫೋಟೋಗಳ ಕೆಳಗಿನ ಅಂಚಿನಲ್ಲಿ ಏನು ಬರೆದಿದೆ ಅಂತ ಓದಿಕೊಂಡು, ಚೀಟಿಯಲ್ಲಿ ಬರೆದು ತರಲಿ. ಒಂದಾದರೂ ಚೀಟಿಯಲ್ಲಿ ರವಿವರ್ಮ ಪ್ರೆಸ್ ಅಂತ ಬಂದರೆ ನನಗೆ ಕಾಗದ ಹಾಕಿ, ಚಿತ್ರದುರ್ಗಕ್ಕೆ ಬಂದು ನೋಡುತ್ತೇನೆ.