ಕೊನೆ ಹೇಳಿಬಿಟ್ಟ ಮೈದುನ

(ಮನೆಮಂದಿಯ ಮನಸ್ತಾಪಗಳಿಗೆ ಆಪ್ತಸಲಹೆ ಕೊಡುವುದು ನನ್ನ ಕೆಲಸ. ಹೆಸರು, ಊರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದು ಬರೆದದ್ದು.)

ಮೊದಲು ಫೋನ್ ಮಾಡಿದ್ದು ನಾಗೇಶ್. "ಮೇಡಂ, ಹೇಳೋಕೇ ಒಂಥರಾ ಆಗುತ್ತೆ. ನನ್ನ ಹೆಂಡತಿ, ನನ್ನ ತಮ್ಮ ಮಾತು ಬಿಟ್ಟು 20 ದಿನ ಆಯ್ತು. ಕಾರಣ ಕೇಳಿದ್ರೆ ನಗ್ತೀರಿ. ಒಂದು ಸಿನಿಮಾ."

ನಾನು ನಗಲಿಲ್ಲ. ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ಶುರುವಾದ ಜಗಳ ಮನೆ ಪಾಲಾಗುವ ತನಕ ಹೋಗಿದ್ದನ್ನು ನೋಡಿದ್ದೇನೆ. ಮೂವರೂ ಬನ್ನಿ ಎಂದೆ.

ಶೈಲಜಾಗೆ 33 ವರ್ಷ, ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನಾಗೇಶ್ ಪಿಯು ಕಾಲೇಜಿನ ಲೆಕ್ಚರರ್. ನಾಲ್ಕು ವರ್ಷದ ಮಗಳಿದ್ದಾಳೆ. ನಾಗೇಶರ ತಾಯಿಯೂ ತಮ್ಮ ಪ್ರಮೋದನೂ ಜೊತೆಗೇ ಇದ್ದಾರೆ. ಪ್ರಮೋದನಿಗೆ 26. ಸರ್ಕಾರಿ ಕೆಲಸದ ಪರೀಕ್ಷೆ ಮೂರು ಸಲ ಬರೆದಿದ್ದಾನೆ, ಆಗಿಲ್ಲ. ಓದು ಬಿಟ್ಟರೆ ಅವನಿಗಿರುವ ಹುಚ್ಚು ಒಂದೇ. ಶುಕ್ರವಾರ ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ ಮೊದಲ ಆಟ ನೋಡುವುದು, ರಾತ್ರಿ ಊಟದ ಹೊತ್ತಿಗೆ ಮನೆಗೆ ಬರುವುದು.

ಶೈಲಜಾಗೂ ಸಿನಿಮಾ ಎಂದರೆ ಪ್ರಾಣ. ಆದರೆ ಶಿಫ್ಟು, ಮಗು, ಮನೆ. ತಿಂಗಳಿಗೆ ಒಂದು ಸಿನಿಮಾ ಸಿಕ್ಕರೆ ಅದೇ ದೊಡ್ಡದು. ಆ ಸಲ ಒಂದು ಕೊಲೆಯ ಕಥೆಯ ಕನ್ನಡ ಸಿನಿಮಾ ಬರುತ್ತಿತ್ತು. ಟ್ರೇಲರ್ ನೋಡಿದಾಗಿಂದ ಕಾಯುತ್ತಿದ್ದರು. ಮುಂದಿನ ಗುರುವಾರ ಅವರಿಗೆ ರಜೆ. ಅತ್ತೆಯ ಹತ್ತಿರ ಮಗು ಬಿಡುವುದೆಂದು ಮಾತಾಗಿತ್ತು, ಎರಡು ಟಿಕೆಟ್ ಬುಕ್ ಆಗಿತ್ತು. ಯಾರಾದರೂ ಏನಾದರೂ ಹಾಕಿಬಿಟ್ಟಾರು ಅಂತ ಫೇಸ್‌ಬುಕ್ಕನ್ನೇ ತೆಗೆದು ಹಾಕಿದ್ದರು.

ಶುಕ್ರವಾರ ರಾತ್ರಿ ಎಲ್ಲರೂ ಊಟಕ್ಕೆ ಕೂತಿದ್ದಾರೆ. ಶೈಲಜಾ ಪ್ರಮೋದನ ತಟ್ಟೆಗೆ ಸಾರು ಬಡಿಸುತ್ತಿದ್ದಾರೆ. ಅವನು ತಲೆ ಎತ್ತಿ ನಕ್ಕು ಹೇಳಿದ: "ಅತ್ತಿಗೆ, ಕೊಂದಿದ್ದು ಆ ಟೀಚರಮ್ಮ! ನೀವು ಸಾವಿರ ಸಲ ಯೋಚನೆ ಮಾಡಿದ್ರೂ ಹೊಳೆಯಲ್ಲ!"

ಶೈಲಜಾ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಒಳಗೆ ಹೋದರು. ಟಿಕೆಟ್ ಕ್ಯಾನ್ಸಲ್ ಆಯ್ತು. ಅವತ್ತಿನಿಂದ ಮಾತಿಲ್ಲ. ಅಡುಗೆ ಮಾಡುತ್ತಾರೆ, ಬಡಿಸುತ್ತಾರೆ. ಊಟಕ್ಕೆ ಕರೆಯಬೇಕಾದರೆ ಮಗಳಿಗೆ ಹೇಳುತ್ತಾರೆ: "ಚಿಕ್ಕಪ್ಪಂಗೆ ಬರಕ್ಕೆ ಹೇಳು ಪುಟ್ಟಿ." ಮಗು ಹೋಗಿ ಕರೆಯುತ್ತದೆ. ಅವನು "ಆಮೇಲೆ ಬರ್ತೀನಿ ಅಂತ ಹೇಳು" ಎನ್ನುತ್ತಾನೆ. ಮಗು ವಾಪಸ್ ಬಂದು ಹೇಳುತ್ತದೆ. ಮೂರು ವಾರ ಇದೇ ನಡೆದಿದೆ. ಈ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಕಸಿವಿಸಿ ಆಗಿದ್ದು ಆ ಮಗುವಿನ ಓಡಾಟ ಕೇಳಿ.

ಮೊದಲ ದಿನ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿದೆ.

ಶೈಲಜಾ ತುಂಬಾ ಹೊತ್ತು ಸುಮ್ಮನಿದ್ದರು. ಅತ್ತೆಯ ಮಗನ ಮೇಲೆ ದೂರು ಹೇಳಲು ಬಂದವಳ ಹಾಗೆ ಕಾಣಬಾರದು ಅನ್ನುವ ಸಂಕೋಚ. ಕೊನೆಗೆ ಹೇಳಿದರು: "ವಾರ್ಡಲ್ಲಿ ನಂಗೆ ಮುಂದೇನು ಅಂತ ಮೊದಲೇ ಗೊತ್ತಿರುತ್ತೆ ಮೇಡಂ. ಯಾವ ಪೇಶೆಂಟ್ ಮನೆಗೆ ಹೋಗ್ತಾರೆ, ಯಾರು ಹೋಗಲ್ಲ, ಮುಖ ನೋಡಿದ್ರೆ ಗೊತ್ತಾಗುತ್ತೆ. ಮನೆಯವರು ಬಂದು ಕೇಳಿದ್ರೆ ಬಾಯಿ ಬಿಡೋ ಹಾಗಿಲ್ಲ. ಏನೂ ಗೊತ್ತಿಲ್ಲದೆ ಕೂತ್ಕೊಳ್ಳೋಕೆ ನಂಗೆ ಸಿಗೋದು ಟಾಕೀಸಲ್ಲಿ ಮಾತ್ರ. ಆ ಮೂರು ಗಂಟೆ."

ಇದನ್ನು ಗಂಡನಿಗೆ ಯಾವತ್ತಾದರೂ ಹೇಳಿದ್ದೀರಾ ಎಂದು ಕೇಳಿದೆ. ಇಲ್ಲ. ಹೇಳಬೇಕು ಅಂತ ಹೊಳೆದೇ ಇರಲಿಲ್ಲ. ನಾಗೇಶ್ ಆ ರಾತ್ರಿ ಅವರನ್ನು ಸಮಾಧಾನ ಮಾಡಲು ಹೋಗಿ "ಬಿಡೇ, ಸಿನಿಮಾ ತಾನೇ" ಎಂದಿದ್ದರು. ಮೈದುನನ ಮಾತಿಗಿಂತ ಈ ಮಾತು ಜಾಸ್ತಿ ಚುಚ್ಚಿತ್ತು.

ಪ್ರಮೋದ ವಾದಕ್ಕೆ ತಯಾರಾಗಿಯೇ ಬಂದಿದ್ದ. ಪರೀಕ್ಷೆಗೆ ಓದುವ ಹುಡುಗ ಅಲ್ವಾ. "ಮೇಡಂ, ಕೊನೆ ಗೊತ್ತಿದ್ರೆ ಕಥೆ ಇನ್ನೂ ಚೆನ್ನಾಗಿ ಅನ್ನಿಸುತ್ತೆ ಅಂತ ರಿಸರ್ಚೇ ಇದೆ" ಎಂದ.

ಇದೆ, ನಿಜ. 2011ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಲೆವಿಟ್ ಮತ್ತು ಕ್ರಿಸ್ಟೆನ್‌ಫೆಲ್ಡ್ ಎಂಬ ಇಬ್ಬರು ಈ ಅಧ್ಯಯನ ಮಾಡಿದರು. ಸಣ್ಣಕಥೆಗಳನ್ನು ಓದಲು ಕೊಟ್ಟರು. ಕೊನೆ ಮೊದಲೇ ತಿಳಿದವರು ಕಥೆಗೆ ಸ್ವಲ್ಪ ಜಾಸ್ತಿ ಅಂಕ ಕೊಟ್ಟರು. ಆದರೆ 2015ರಲ್ಲಿ ಜಾನ್ಸನ್ ಮತ್ತು ರೋಸೆನ್‌ಬಾಮ್ ಮಾಡಿದ ಅಧ್ಯಯನದಲ್ಲಿ ಇದಕ್ಕೆ ಉಲ್ಟಾ ಬಂತು. ಕೊನೆ ಗೊತ್ತಿಲ್ಲದೆ ಓದಿದವರಿಗೇ ಕಥೆ ಹೆಚ್ಚು ಖುಷಿ ಕೊಟ್ಟಿತ್ತು. ಎರಡನ್ನೂ ಅವನ ಮುಂದಿಟ್ಟೆ. ಆಮೇಲೆ ಕೇಳಿದೆ: "ಓದೋಕೆ ಬಂದ ಆ ಜನ ತಿಂಗಳಿಂದ ಆ ಕಥೆಗೆ ಕಾದಿದ್ರಾ? ಟಿಕೆಟ್ ತಗೊಂಡಿದ್ರಾ? ಹೇಳಿದವರು ಅವರ ಮನೆಯವರಾಗಿದ್ರಾ?" ಅವನು ಏನೂ ಹೇಳಲಿಲ್ಲ. ನೂರಾರು ಜನರ ಸರಾಸರಿ ಲೆಕ್ಕ ಹಿಡಿದುಕೊಂಡು ನಮ್ಮ ಅತ್ತಿಗೆಗೆ ಏನನ್ನಿಸಬೇಕು ಅಂತ ತೀರ್ಮಾನ ಮಾಡಲು ಆಗುವುದಿಲ್ಲ.

ಅವನ ಎರಡನೇ ವಾದ ಗಟ್ಟಿಯಾಗಿತ್ತು. "ಗದಾಯುದ್ಧದ ಕೊನೆ ಯಾರಿಗೆ ಗೊತ್ತಿಲ್ಲ ಮೇಡಂ? ಆದ್ರೂ ರಾತ್ರಿಯಿಡೀ ಆಟ ನೋಡಲ್ವಾ?"

ಈ ಮಾತು ನನ್ನನ್ನೂ ಯೋಚನೆಗೆ ಹಚ್ಚಿತು. ಯಕ್ಷಗಾನಕ್ಕೆ ಬಂದು ಕೂರುವವರಿಗೆಲ್ಲ ಕೌರವನ ತೊಡೆ ಮುರಿಯುತ್ತದೆ ಅಂತ ಗೊತ್ತು. ಯಾರೂ ಅದಕ್ಕೆ ಕಾಯುವುದಿಲ್ಲ. ಕಾಯುವುದು ಈ ರಾತ್ರಿಯ ಮಾತಿಗೆ. ಅರ್ಥ ಹೇಳುವುದಕ್ಕೆ, ಅಂದರೆ ಪದ್ಯದ ಮೇಲೆ ವೇಷಧಾರಿ ಆಡುವ ಮಾತಿಗೆ, ಬರೆದಿಟ್ಟ ಸಾಲು ಇರುವುದಿಲ್ಲ, ಅದು ರಂಗದ ಮೇಲೇ ಹುಟ್ಟುತ್ತದೆ. ಭೀಮ ಒಂದು ಎಳೆ ಹಿಡಿದು ಕೆಣಕಿದರೆ ಕೌರವ ಏನು ಹೇಳುತ್ತಾನೆ ಅನ್ನುವುದು ಆ ವೇಷಧಾರಿಗೇ ಪೂರ್ತಿ ಗೊತ್ತಿರುವುದಿಲ್ಲ. ಅಂದರೆ ಅಲ್ಲೂ ಗೊತ್ತಿಲ್ಲದ ಒಂದು ಜಾಗ ಇದೆ, ಜನ ನಿದ್ದೆ ಬಿಡುವುದು ಅದಕ್ಕಾಗಿ. ಕೊಲೆಯ ಸಿನಿಮಾದಲ್ಲಿ ಆ ಜಾಗ ಕೊನೆಯ ಹತ್ತು ನಿಮಿಷದಲ್ಲಿರುತ್ತದೆ, ಅಷ್ಟೇ ವ್ಯತ್ಯಾಸ. ಇದನ್ನು ಹೇಳಿದಾಗ ಪ್ರಮೋದ ಮೊದಲ ಸಲ ಕುರ್ಚಿಯಲ್ಲಿ ಮುಂದಕ್ಕೆ ಬಂದು ಕೂತ.

ಆಮೇಲೆ ಕೇಳಿದೆ: "ನೀನು ಮೊದಲ ಸಲ ಸಿನಿಮಾ ಕಥೆ ಹೇಳಿದ್ದು ಯಾರಿಗೆ?"

ಅವನ ಮುಖವೇ ಬದಲಾಯಿತು. ಮಲೆನಾಡಿನ ಒಂದು ಸಣ್ಣ ಊರು ಅವರದು. ಅಡಿಕೆ ಸುಗ್ಗಿಯಲ್ಲಿ ರಾತ್ರಿ ಅಂಗಳದಲ್ಲಿ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆ ಸುಲಿಯುವರು. ಪ್ರಮೋದನಿಗೆ ಆಗ ಒಂಬತ್ತು ವರ್ಷ. ಮಾವನ ಜೊತೆ ಪೇಟೆಗೆ ಹೋಗಿ ಸಿನಿಮಾ ನೋಡಿ ಬರುತ್ತಿದ್ದ. ಬಂದ ರಾತ್ರಿ ಎಲ್ಲರೂ "ಕಥೆ ಹೇಳೋ ಮಾಣಿ" ಎನ್ನುವರು. ಅವನು ಹೆಸರು ಬೀಳುವಲ್ಲಿಂದ ಶುಭಂ ತನಕ ಹೇಳುತ್ತಿದ್ದ. ಫೈಟಿಂಗಿಗೆ ಬಾಯಲ್ಲೇ ಸದ್ದು, ಹಾಡಿಗೆ ಎರಡು ಸಾಲು ಹಾಡು. ಅಳುವ ಸೀನಿಗೆ ಹೆಂಗಸರು ನಿಜವಾಗಿ ಕಣ್ಣು ಒರೆಸಿಕೊಳ್ಳುವರು. ಅವರಲ್ಲಿ ಹೆಚ್ಚಿನವರು ಆ ಸಿನಿಮಾ ನೋಡಲು ಪೇಟೆಗೆ ಹೋಗುವವರಲ್ಲ. ಅವನು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

"ನಾನು ಹೇಳ್ತಿದ್ರೆ ಯಾರೂ ಎದ್ದು ಹೋಗ್ತಿರಲಿಲ್ಲ" ಎಂದ. ಮೂರು ಸಲ ಪರೀಕ್ಷೆಯಲ್ಲಿ ಸೋತ ಹುಡುಗನ ಬಾಯಿಂದ ಈ ಮಾತು ಬಂದಾಗ ನನಗೆ ಗಂಟಲು ಕಟ್ಟಿತು.

ಸಿನಿಮಾದ ಕೊನೆ ಹೇಳಿಬಿಡುವವರೆಲ್ಲ ಒಂದೇ ಥರದವರಲ್ಲ. ಬೇಕಂತಲೇ ಹೊಟ್ಟೆ ಉರಿಸಲು ಹೇಳುವವರಿದ್ದಾರೆ. ಅವರ ಜೊತೆ ಸಿನಿಮಾ ಮಾತೇ ಬೇಡ ಎಂದು ಕಡ್ಡಿ ಮುರಿದ ಹಾಗೆ ಹೇಳಬೇಕು. ನಾನೇ ಮೊದಲು ನೋಡಿದ್ದು ಅಂತ ತೋರಿಸಿಕೊಳ್ಳಲು ಹೇಳುವವರೂ ಇದ್ದಾರೆ. ಪ್ರಮೋದನಲ್ಲಿ ಅದು ಸ್ವಲ್ಪ ಇತ್ತು. ಆದರೆ ಹೆಚ್ಚಿನಂಶ ಅವನು ಅತ್ತಿಗೆಗೆ ಏನೋ ಕೊಡುತ್ತಿದ್ದೇನೆ ಅಂದುಕೊಂಡಿದ್ದ. ಅಡಿಕೆ ಅಂಗಳದಲ್ಲಿ ಕೊಡುಗೆಯಾಗಿದ್ದು ಊಟದ ಮನೆಯಲ್ಲಿ ಕಳವು ಆಯ್ತು. ಕೇಳುವವರು ಬದಲಾಗಿದ್ದಾರೆ ಅನ್ನುವುದು ಅವನ ಗಮನಕ್ಕೇ ಬಂದಿರಲಿಲ್ಲ. ಆ ಹೆಂಗಸರಿಗೆ ಬೇರೆ ದಾರಿ ಇರಲಿಲ್ಲ, ಶೈಲಜಾ ಕೈಯಲ್ಲಿ ಟಿಕೆಟ್ ಇತ್ತು.

ಎರಡನೇ ಭೇಟಿಗೆ ಮೂವರನ್ನೂ ಒಟ್ಟಿಗೆ ಕೂರಿಸಿದೆ. ವಾರ್ಡಿನ ಮಾತನ್ನು ಶೈಲಜಾ ಮತ್ತೆ ಹೇಳಿದರು, ಈ ಸಲ ಗಂಡನ ಮುಂದೆ. ನಾಗೇಶ್ ತಲೆ ತಗ್ಗಿಸಿ ಕೂತರು. ಪ್ರಮೋದ ಮೊದಲು "ಸಾರಿ ಅತ್ತಿಗೆ, ತಮಾಷೆಗೆ ಹೇಳಿದ್ದು" ಎಂದ. ನಾನು ತಡೆದೆ. ತಮಾಷೆಗೆ ಅನ್ನುವ ಮಾತು ಸೇರಿದರೆ ತಪ್ಪು ಕೇಳಿಸಿಕೊಂಡವರದ್ದೇ ಆಗಿಬಿಡುತ್ತದೆ. ಏನು ಹೋಯಿತು ಅಂತ ಹೆಸರು ಹಿಡಿದು ಹೇಳು ಎಂದೆ. ಅವನಿಗೆ ಸುಮಾರು ಹೊತ್ತು ಬೇಕಾಯಿತು. "ನೀವು ತಿಂಗಳಿಂದ ಕಾದಿದ್ರಿ ಅತ್ತಿಗೆ. ನಿಮಗಿದ್ದಿದ್ದು ಒಂದೇ ರಜೆ. ಅದನ್ನ ನಾನು ಹಾಳು ಮಾಡಿದೆ." ಶೈಲಜಾ "ಹೂಂ" ಎಂದರು. ಅಷ್ಟು ದಿನದ ಮೇಲೆ ಅವನ ಜೊತೆ ಆಡಿದ ಮೊದಲ ಮಾತು ಅದು.

ಅವನಿಗೆ ಕೊಟ್ಟ ಸಲಹೆ ಇದು. ಮನೆಯಲ್ಲಿ ಯಾರೊಂದಿಗೇ ಸಿನಿಮಾ ಮಾತು ಶುರು ಮಾಡಿದರೂ ಮೊದಲ ಪ್ರಶ್ನೆ "ನೋಡಿದ್ರಾ?" ಇಲ್ಲ ಎಂದರೆ "ನೋಡಿ, ಆಮೇಲೆ ಮಾತಾಡೋಣ." ಅಲ್ಲಿಗೆ ನಿಲ್ಲಿಸಬೇಕು. "ಕೊನೇಲಿ ಒಂದಿದೆ ಅತ್ತಿಗೆ" ಅನ್ನುವುದೂ ಬೇಡ. ಇದನ್ನು ಬಹಳ ಜನ ತಪ್ಪು ಅಂದುಕೊಳ್ಳುವುದೇ ಇಲ್ಲ. ಕೊನೆಯಲ್ಲಿ ಏನೋ ಇದೆ ಅಂತ ಕಿವಿಗೆ ಬಿದ್ದರೆ ನೋಡುವವರು ಮೊದಲ ಸೀನಿನಿಂದಲೇ ಪ್ರತಿ ಪಾತ್ರವನ್ನೂ ಅನುಮಾನದಿಂದ ನೋಡುತ್ತಾರೆ. ಹುಬ್ಬು ಹಾರಿಸಿ ನಗುವುದೂ ಅಷ್ಟೇ. ಎಷ್ಟು ದಿನ ಬಾಯಿ ಮುಚ್ಚಿಕೊಂಡಿರಬೇಕು ಅಂತ ಕೇಳಿದ. ಊರಿನವರ ವಿಷಯ ನಮ್ಮ ಕೈಯಲ್ಲಿಲ್ಲ. ಮನೆಯೊಳಗೆ ಮಾತ್ರ, ಅವರು ನೋಡುವ ತನಕ. ಹತ್ತು ವರ್ಷದ ಹಳೆ ಸಿನಿಮಾ ಆದರೂ ಕೇಳಿಯೇ ಹೇಳು ಎಂದೆ.

ಇನ್ನೊಂದು ವಿಷಯ ಅವನಿಗೆ ತುಂಬಾ ಹಿಡಿಸಿತು. ಲಂಡನ್ನಿನಲ್ಲಿ ಪತ್ತೇದಾರಿ ಕಥೆಗಾರ್ತಿ ಅಗಾಥಾ ಕ್ರಿಸ್ಟಿಯ 'ದಿ ಮೌಸ್‌ಟ್ರ್ಯಾಪ್' ಎಂಬ ನಾಟಕ 1952ರಲ್ಲಿ ಶುರುವಾಯಿತು. ಕೊಲೆಗಾರ ಯಾರು ಅಂತ ಹೊರಗೆ ಹೇಳಬೇಡಿ ಎಂದು ಆಟ ಮುಗಿದ ಮೇಲೆ ನೋಡಿದವರನ್ನು ಕೇಳಿಕೊಳ್ಳುತ್ತಾರೆ. ಕೋವಿಡ್‌ನಲ್ಲಿ ನಿಂತಿದ್ದು ಬಿಟ್ಟರೆ ಎಪ್ಪತ್ತು ವರ್ಷದ ಮೇಲೂ ಜನ ನೋಡಲು ಬಂದಿದ್ದಾರೆ. ಈಗ ಹುಡುಕಿದರೆ ಕೊನೆ ಎಲ್ಲಾದರೂ ಸಿಗುತ್ತದೆ. ಆದರೂ ನೋಡಿದವರಲ್ಲಿ ಎಷ್ಟೋ ಜನ ಬಾಯಿ ಬಿಡುವುದಿಲ್ಲ. ಗೊತ್ತಿದ್ದೂ ಹೇಳದೆ ಇಟ್ಟುಕೊಳ್ಳುವುದರಲ್ಲೂ ಒಂದು ದೊಡ್ಡತನ ಇದೆ ಅಂತ ಅವನಿಗೆ ಅನ್ನಿಸಿತು. ಶುಕ್ರವಾರವೇ ನೋಡಿದವನಿಗೆ ಆ ದೊಡ್ಡತನ ಎಲ್ಲರಿಗಿಂತ ಮೊದಲೇ ಸಿಗುತ್ತದಲ್ಲ.

ಶೈಲಜಾಗೆ ಹೇಳಿದ್ದು ಬೇರೆ. ಕಾಯುತ್ತಿರುವ ಸಿನಿಮಾ ಇದ್ದರೆ ಮೊದಲೇ ಬಾಯಿಬಿಟ್ಟು ಹೇಳಿ. "ಗುರುವಾರ ಹೋಗ್ತಿದೀನಿ, ಅಲ್ಲಿ ತನಕ ಈ ಸಿನಿಮಾ ಮಾತು ಬೇಡ." ಇದನ್ನು ಕೇಳಿಕೊಳ್ಳುವುದರಲ್ಲಿ ನಾಚಿಕೆ ಏನಿಲ್ಲ. ಯಾರಾದರೂ ಶುರು ಮಾಡಿದರೆ "ನಿಲ್ಸು" ಎಂದು ಜೋರಾಗಿಯೇ ಹೇಳಿ, ಎದ್ದು ಹೋಗಿ. ಆದರೆ ವಾರಗಟ್ಟಲೆ ಮೌನ ಬೇಡ. ಮಗುವಿನ ಕೈಲಿ ಮಾತು ಕಳಿಸುವುದು ಇವತ್ತಿಗೇ ನಿಲ್ಲಬೇಕು. ದೊಡ್ಡವರ ಮುನಿಸನ್ನು ಅದು ಅತ್ತಿಂದಿತ್ತ ಹೊರುತ್ತಿದೆ. ಈ ಮಾತಿಗೆ ಶೈಲಜಾ ಕಣ್ಣಲ್ಲಿ ನೀರು ಬಂತು. ಕಟುವಾಯಿತೇನೋ ಅನ್ನಿಸಿದರೂ ನಾನು ಅದನ್ನು ಮೆತ್ತಗೆ ಮಾಡಲಿಲ್ಲ.

ನಾಗೇಶರಿಗೆ ಒಂದೇ ಮಾತು. "ಸಿನಿಮಾ ತಾನೇ" ಅನ್ನುವುದನ್ನು ಬಿಡಿ.

ಕಥೆ ಹೇಳುವ ಆ ಆಸೆಯನ್ನು ಏನು ಮಾಡುವುದು? ಅದನ್ನು ಅದುಮಿಡು ಎನ್ನಲು ನನಗೆ ಮನಸ್ಸಿರಲಿಲ್ಲ. ಮನೆಯಲ್ಲಿ ಸಿನಿಮಾ ನೋಡಲು ಆಗದವರು ಯಾರಾದರೂ ಇದ್ದಾರಾ ಎಂದು ಕೇಳಿದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾಯಿಗೆ ಎರಡು ವರ್ಷದಿಂದ ಕಣ್ಣು ಮಂಜು. ಟೀವಿಯಲ್ಲೂ ಮುಖ ಸರಿಯಾಗಿ ಕಾಣುವುದಿಲ್ಲ, ದನಿ ಕೇಳಿ ಯಾರೆಂದು ಗುರುತು ಹಿಡಿಯುತ್ತಾರೆ. ಅವರು ಅಡಿಕೆ ಅಂಗಳದಲ್ಲಿ ಮಗನ ಕಥೆ ಕೇಳಿದವರೇ.

ಎಲ್ಲ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಮುಂದಿನ ತಿಂಗಳು ಪ್ರಮೋದ ಮತ್ತೆ ಜಾರಿದ. ಚಹಾ ಕುಡಿಯುತ್ತಾ "ಹೀರೋ ಸಾಯಲ್ಲ ಅತ್ತಿಗೆ, ಧೈರ್ಯವಾಗಿ ಹೋಗಿ" ಎಂದುಬಿಟ್ಟ. ಶೈಲಜಾ ಲೋಟ ಕೆಳಗಿಟ್ಟು ಚೆನ್ನಾಗಿ ಬೈದರು. ರಾತ್ರಿ ಅವರೇ ಊಟಕ್ಕೆ ಕರೆದರು. ಹಾಳಾದ ಆ ಕೊಲೆಯ ಸಿನಿಮಾವನ್ನು ಆಮೇಲೆ ಓಟಿಟಿಯಲ್ಲಿ ನೋಡಿದರಂತೆ. "ಟೀಚರ್ ಪಾತ್ರದವಳು ಮೊದಲಿಂದ ಹೇಗೆ ಮುಚ್ಚಿಟ್ಟಿದಾಳೆ ಅಂತ ನೋಡ್ತಾ ಕೂತೆ. ಚೆನ್ನಾಗೇ ಇತ್ತು. ಆದ್ರೆ ಅದು ಎರಡನೇ ಸಲ ನೋಡೋ ಖುಷಿ ಮೇಡಂ. ಮೊದಲನೇ ಸಲದ್ದು ನಂಗೆ ಸಿಗಲೇ ಇಲ್ಲ" ಎಂದರು. ಅದಕ್ಕೆ ನನ್ನ ಹತ್ತಿರ ಸಮಾಧಾನದ ಮಾತು ಇರಲಿಲ್ಲ. ಇಲ್ಲ ಎಂದೇ ಹೇಳಿದೆ.

ಕೊನೆಯ ಭೇಟಿಗೆ ನಾಗೇಶ್ ಒಬ್ಬರೇ ಬಂದಿದ್ದರು. ಹಿಂದಿನ ಶುಕ್ರವಾರದ ರಾತ್ರಿ ನಡೆದದ್ದು ಹೇಳಿದರು. ನಡುಮನೆಯಲ್ಲಿ ಪ್ರಮೋದ ಅಮ್ಮನಿಗೆ ಹೊಸ ಸಿನಿಮಾದ ಕಥೆ ಹೇಳುತ್ತಿದ್ದ. ಫೈಟಿಂಗಿನ ಸದ್ದು ಅಡುಗೆಮನೆ ತನಕ ಬರುತ್ತಿತ್ತು. ಶೈಲಜಾ ನೀರು ತರಲು ಈಚೆ ಬಂದ ಕೂಡಲೇ ಅವನು ಅರ್ಧ ಮಾತಿಗೆ ನಿಲ್ಲಿಸಿದ. "ಮುಂದೇನಾಯ್ತೋ, ಹೇಳೋ!" ಎಂದು ಅಮ್ಮ ಅವನ ಮೊಣಕಾಲಿಗೆ ಹೊಡೆದರು. ಅವನು ಅತ್ತಿಗೆಯ ಕಡೆ ನೋಡಿದ. ಶೈಲಜಾ ಚೊಂಬು ತಗೊಂಡು ಒಳಗೆ ಹೋಗಿ, ಅಡುಗೆಮನೆ ಬಾಗಿಲು ಹಾಕಿಕೊಂಡು, ಒಳಗಿಂದಲೇ ಕೂಗಿದರು: "ಹಾಕ್ಕೊಂಡಿದೀನಿ. ಈಗ ಹೇಳು."