ಆ ಟ್ರಂಕಿನ ಕೀಲಿ ನಿಮ್ಮ ಹತ್ತಿರವೇ ಇರಲಿ, ಅಕ್ಕ

ಈ ವಾರ ಬಂದ ಪತ್ರಗಳಲ್ಲಿ ಒಂದು ನನ್ನನ್ನು ಬಿಡುತ್ತಲೇ ಇಲ್ಲ. ಶಿರಸಿ ಹತ್ತಿರದ ಹಳ್ಳಿಯಿಂದ ಬಂದದ್ದು. ಹೆಸರು ಹಾಕಬೇಡಿ ಎಂದಿದ್ದಾರೆ. ಉಳಿದ ಪತ್ರಗಳಿಗೆ ಮುಂದಿನ ವಾರ ಉತ್ತರ ಕೊಡುತ್ತೇನೆ, ಇವತ್ತಿನ ಜಾಗವೆಲ್ಲ ಈ ಅಕ್ಕನಿಗೆ.

ಸಂಗತಿ ಇಷ್ಟು. ಇವರ ಮದುವೆ 1985ರಲ್ಲಿ ಆಯಿತು. ಗಂಡ ಸೇನೆಯಲ್ಲಿ ಕರ್ನಲ್ ಆಗಿ, 54ಕ್ಕೆ ನಿವೃತ್ತರಾಗಿ ಊರಿಗೆ ಬಂದವರು. ಅವರಿಗೆ ಫೀಲ್ಡ್ ಪೋಸ್ಟಿಂಗ್ ಆದಾಗಲೆಲ್ಲ ಇವರು ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಬರುವುದು, ಪೀಸ್ ಸ್ಟೇಷನ್ ಸಿಕ್ಕರೆ ಮತ್ತೆ ಕ್ವಾರ್ಟರ್ಸಿಗೆ ಹೋಗುವುದು. "ರಿಟೈರ್ ಆದ ಮೇಲೆ ಇಬ್ಬರೂ ಒಟ್ಟಿಗೆ" ಎಂಬ ಒಂದು ಮಾತಿನ ಮೇಲೆ ಅಷ್ಟೂ ವರ್ಷ ತಳ್ಳಿದ್ದಾರೆ. ತೋಟ ನೋಡಿಕೊಂಡು, ನಾಲ್ಕು ಊರು ತಿರುಗಿಕೊಂಡು ಇರಬಹುದು ಅಂದುಕೊಂಡಿದ್ದರು. ಆದರೆ ಕರ್ನಲ್ ಸಾಹೇಬರು ತಮ್ಮ ಪಲ್ಟನ್ ಶ್ರೀಲಂಕಾದಲ್ಲಿ ಕಳೆದ ದಿನಗಳ ಇತಿಹಾಸ ಬರೆಯಲು ಕೂತಿದ್ದಾರೆ. ಬೆಳಗ್ಗೆ ಮೆತ್ತಿ ಹತ್ತಿದರೆ ಊಟಕ್ಕೂ ಇಳಿಯುವುದಿಲ್ಲವಂತೆ. ನಕಾಶೆ, ಫೈಲು, ಹಳೇ ಜವಾನರ ಜೊತೆ ಗಂಟೆಗಟ್ಟಲೆ ಫೋನು. ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಹೋದರೆ ಎರಡು ವಾರ ಪತ್ತೆ ಇಲ್ಲ. ಕೆಲವು ರಾತ್ರಿ ಎದ್ದು ಅಂಗಳದಲ್ಲಿ ತಿರುಗುತ್ತಾರೆ. ಬೆಂಗಳೂರಿನ ಮಗನಿಗೆ ಹೇಳಿದರೆ "ಅಪ್ಪಂಗೆ ಟೈಮ್‌ಪಾಸ್ ಆಗ್ತಿದೆ, ಬಿಡಮ್ಮ, ಅಡ್ಜಸ್ಟ್ ಮಾಡ್ಕೋ" ಎನ್ನುತ್ತಾನೆ. "ಇದನ್ನು ನಿಲ್ಲಿಸಿ ಎನ್ನಲೇ? ಕಾದಿದ್ದು ಸಾಕು ಅನಿಸುತ್ತದೆ. ಹಾಗೆ ಅನಿಸುವುದು ಸ್ವಾರ್ಥವೇ?" ಇದು ಅವರ ಪ್ರಶ್ನೆ.

ಸ್ವಾರ್ಥ ಅಲ್ಲ. ಅದರ ಬಗ್ಗೆ ಇನ್ನು ಯೋಚನೆ ಮಾಡಬೇಡಿ.

ನನ್ನ ಕಣ್ಣು ನಿಂತದ್ದು ಪತ್ರದ ಕೊನೆಯಲ್ಲಿ, ಸಹಿಗೆ ಸ್ವಲ್ಪ ಮೇಲೆ, ಹೋಗುತ್ತ ಹೋಗುತ್ತ ಹೇಳಿದ ಹಾಗೆ ಬರೆದ ಈ ಸಾಲುಗಳ ಮೇಲೆ: "ಅಟ್ಟದ ಮೇಲಿದ್ದ ನನ್ನ ಟ್ರಂಕ್ ಇಳಿಸಿ, ಅದರಲ್ಲಿದ್ದ ಅವರ ಹಳೇ ಪತ್ರಗಳನ್ನೆಲ್ಲ ಮೆತ್ತಿಗೆ ಒಯ್ದಿದ್ದಾರೆ. ಪುಸ್ತಕಕ್ಕೆ ಬೇಕಂತೆ. ಇರಲಿ ಬಿಡಿ. ಒಂದೊಂದರ ಮೂಲೆಯಲ್ಲೂ ಅದು ಬಂದ ತಾರೀಖು ಬರೆದಿಡುತ್ತಿದ್ದೆ, ಆಗ ಅದೊಂದು ಹುಚ್ಚು. 87ರ ಅಕ್ಟೋಬರ್‌ನಲ್ಲಿ ಮೂರು ವಾರ ಒಂದೂ ಬರಲಿಲ್ಲ."

ಅಕ್ಕ, ಇದನ್ನು ಬರೆದು "ಇರಲಿ ಬಿಡಿ" ಎನ್ನಲು ಹೇಗೆ ಮನಸ್ಸು ಬಂತು ನಿಮಗೆ?

ಆ ಅಕ್ಟೋಬರ್ ಎಂಥದ್ದು ಎಂದು ನಿಮಗೆ ನಾನು ಹೇಳಬೇಕಿಲ್ಲ, ಓದುತ್ತಿರುವ ಚಿಕ್ಕವರಿಗೆ ಹೇಳುತ್ತೇನೆ. 1987ರ ಜುಲೈ 29ರಂದು ಭಾರತ-ಶ್ರೀಲಂಕಾ ಒಪ್ಪಂದ ಆಯಿತು, ನಮ್ಮ ಸೈನ್ಯ ಶಾಂತಿ ಕಾಯಲು ಹೋಯಿತು. ಎರಡೂವರೆ ತಿಂಗಳೊಳಗೆ, ಅಲ್ಲಿ ಪ್ರತ್ಯೇಕ ತಮಿಳು ದೇಶಕ್ಕಾಗಿ ಬಂದೂಕು ಹಿಡಿದಿದ್ದ ಎಲ್‌ಟಿಟಿಇ ಜೊತೆ ಯುದ್ಧವೇ ಶುರುವಾಯಿತು. ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ ಒಂದು ಪ್ಲಟೂನಿನಲ್ಲಿ ಜೀವಂತ ಉಳಿದದ್ದು ಒಬ್ಬರು ಮಾತ್ರ. ನವೆಂಬರ್ 25ರಂದು ಮೇಜರ್ ರಾಮಸ್ವಾಮಿ ಪರಮೇಶ್ವರನ್ ತೀರಿಕೊಂಡರು, ಅವರಿಗೆ ಮರಣೋತ್ತರ ಪರಮವೀರ ಚಕ್ರ ಬಂತು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಹಿಂದಿರುಗುವಷ್ಟರಲ್ಲಿ ಸುಮಾರು 1200 ಸೈನಿಕರು ಹೋಗಿದ್ದರು. ಮದ್ರಾಸಿನಲ್ಲಿ ಇಳಿದವರನ್ನು ಸ್ವಾಗತಿಸಲು ಅಲ್ಲಿನ ಮುಖ್ಯಮಂತ್ರಿ ಬರಲಿಲ್ಲ.

ಇಂಥ ಯುದ್ಧದಿಂದ ಬಂದವರು ಬರೆಯಲು ಕೂತರೆ ನಾನು ಅವರನ್ನು ತಡೆಯಿರಿ ಎನ್ನುವುದಿಲ್ಲ. ಈಗಿನ ಅರುಣಾಚಲದ ಗಡಿಯ ನಾಮ್ಕಾ ಚೂ ಹೊಳೆಯ ದಂಡೆಯಲ್ಲಿ 7ನೇ ಬ್ರಿಗೇಡಿನ ಕಮಾಂಡರ್ ಆಗಿದ್ದ ಜಾನ್ ದಳವಿ 1962ರ ಅಕ್ಟೋಬರ್‌ನಲ್ಲಿ ಚೀನಾದವರಿಗೆ ಸೆರೆ ಸಿಕ್ಕು, ಮರುವರ್ಷ ಬಿಡುಗಡೆಯಾಗಿ ಬಂದು, ಕಂಡದ್ದನ್ನು ಬರೆದರು. ಅವರು ಸುಮ್ಮನಿದ್ದಿದ್ದರೆ ಆ ಸೋಲಿನ ಒಳಗಿನ ಎಷ್ಟೋ ಸಂಗತಿ ನಮಗೆ ತಿಳಿಯುತ್ತಿರಲಿಲ್ಲ, ಯಾಕೆಂದರೆ ಅದರ ತನಿಖೆ ಮಾಡಿದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರ್ಕಾರ ಇನ್ನೂ ಪ್ರಕಟಿಸಿಲ್ಲ. 2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ಹೊಸ ನೀತಿ ತಂದು, ಯುದ್ಧದ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ಬಹಿರಂಗ ಮಾಡಬೇಕು ಎಂದಿದೆ. ಹಾಗಾಗಿ ಕಾಗದ ಇವತ್ತಲ್ಲ ನಾಳೆ ಸಿಗಬಹುದು. ಆದರೆ ಆಗ ಇಪ್ಪತ್ತರ ಹುಡುಗರಾಗಿದ್ದ ಜವಾನರಿಗೆ ಈಗ ಅರವತ್ತರ ಹತ್ತಿರ, ಸುಬೇದಾರರೆಲ್ಲ ಎಂಬತ್ತರ ಆಸುಪಾಸಿನಲ್ಲಿರುತ್ತಾರೆ. ನಿಮ್ಮನೆಯವರ ಅವಸರ, ಆ ಫೋನುಗಳು, ಎಲ್ಲ ಅದಕ್ಕೇ. ಅದು ನನಗೆ ಅರ್ಥವಾಗುತ್ತದೆ, ನಿಮಗೂ ಆಗುತ್ತದೆ.

ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಊರೂರಿನ ಜವಾನರಿಗೆ ಫೋನ್ ಮಾಡಿ "ಆ ದಿನ ಏನಾಯ್ತು" ಎಂದು ಕೇಳುವ ಮನುಷ್ಯ, ಕೆಳಗೆ ಅಡುಗೆಮನೆಯಲ್ಲಿರುವ ನಿಮ್ಮನ್ನು ಒಂದು ಸಲವೂ ಕೇಳಿಲ್ಲ. ಕೇಳಿದ್ದರೆ ನೀವು ಬರೆಯದೇ ಇರುತ್ತಿರಲಿಲ್ಲ. ಆ ಮೂರು ವಾರ ನೀವು ಏಳು ತಿಂಗಳ ಕೂಸನ್ನು ಇಟ್ಟುಕೊಂಡು ಅತ್ತೆಮನೆಯಲ್ಲಿದ್ದಿರಿ, ದಿನಾ ಸಂಜೆ ಮಾವನವರ ರೇಡಿಯೋ ಹತ್ತಿರ ಕೂತು ವಾರ್ತೆ ಕೇಳುತ್ತಿದ್ದಿರಿ ಎಂದು ನೀವೇ ಬರೆದಿದ್ದೀರಿ, ಅದೂ ಅರ್ಧ ವಾಕ್ಯದಲ್ಲಿ. ಜಾಫ್ನಾದ ಆ ಮೂರು ವಾರ ಅವರ ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯ ಆಗುತ್ತದೆ. ನಿಮ್ಮ ಮೂರು ವಾರ ಎಲ್ಲಿ ಹೋಯಿತು?

ನೀವು ಹುಚ್ಚು ಎಂದಿರಲ್ಲ, ಆ ತಾರೀಖುಗಳು, ಅದು ದಾಖಲೆ ಇಡುವವರು ಮಾಡುವ ಕೆಲಸ. ಫೀಲ್ಡ್‌ನಿಂದ ಬರುವ ಪತ್ರದಲ್ಲಿ ಊರಿನ ಹೆಸರು ಇರುವುದಿಲ್ಲ, 56 ಎಪಿಒ, 99 ಎಪಿಒ ಎಂಬ ಸೇನಾ ಅಂಚೆ ಕಚೇರಿಯ ವಿಳಾಸ ಅಷ್ಟೇ. ಎಲ್ಲಿದ್ದೇವೆ, ಎಷ್ಟು ಜನ ಇದ್ದೇವೆ ಎಂದು ಬರೆಯುವ ಹಾಗಿಲ್ಲ. ಯೂನಿಟ್ಟಿನ ವಾರ್ ಡೈರಿಯಲ್ಲಿ ಹೊತ್ತು, ಆದೇಶ, ಗಾಯಗೊಂಡವರ ಸಂಖ್ಯೆ ಇರುತ್ತದೆ, ಮನುಷ್ಯರು ಕಾಣುವುದಿಲ್ಲ. ಇವೆರಡನ್ನೂ ಕೂಡಿಸಬೇಕಾದರೆ ಯಾವ ಪತ್ರ ಯಾವಾಗ ಹೊರಟಿತು, ಯಾವಾಗ ಮುಟ್ಟಿತು, ಎಲ್ಲಿ ನಿಂತುಹೋಯಿತು ಎನ್ನುವುದು ಬೇಕು. ಅದು ಇರುವುದು ನಿಮ್ಮ ಕೈಬರಹದಲ್ಲಿ, ಮೂಲೆಯಲ್ಲಿ. ಅವರು ಇತಿಹಾಸಕಾರ ಆದದ್ದು ಪಿಂಚಣಿ ಬಂದ ಮೇಲೆ. ನೀವು ಆ ಕೆಲಸ ಶುರು ಮಾಡಿದಾಗ ನಿಮಗೆ ಇಪ್ಪತ್ತನಾಲ್ಕು. ಅದೂ ಶಿರಸಿಯ ಮಳೆಯಲ್ಲಿ! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಅಂಥದ್ದರಲ್ಲಿ ಇನ್‌ಲ್ಯಾಂಡ್ ಲೆಟರುಗಳು ಮೂವತ್ತೆಂಟು ವರ್ಷ ಉಳಿದಿವೆ. ತಾವಾಗಿಯೇ ಉಳಿದವೇ ಅವು? ವರ್ಷಾ ವರ್ಷ ದೀಪಾವಳಿ ಕಳೆದ ಮೇಲೆ ಬಿಸಿಲಿಗೆ ಹರಡಿ, ಮತ್ತೆ ಬಟ್ಟೆಯಲ್ಲಿ ಸುತ್ತಿ ಇಟ್ಟದ್ದು ನೀವು.

ಇನ್ನು ನೀವು ಬರೆದ ಉತ್ತರಗಳು? ಅವು ಒಂದೂ ಇಲ್ಲ ಎಂದಿದ್ದೀರಿ. ಬಂಕರಿನಲ್ಲಿ, ಲಾರಿಯಲ್ಲಿ, ಪೋಸ್ಟ್ ಬದಲಾಗುವಾಗ ಹೋದವು. ಆ ಅರ್ಧ ಈಗ ನಿಮ್ಮ ತಲೆಯಲ್ಲಿ ಮಾತ್ರ ಇದೆ. ಕರ್ನಲ್ ಸಾಹೇಬರು ದೆಹಲಿಗೆ ಎಷ್ಟು ಸಲ ಹೋದರೂ ಅದು ಅಲ್ಲಿ ಸಿಗುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದು ಹೊಸದಲ್ಲ ಎನ್ನುವುದೇ ನನ್ನ ಬೇಜಾರು. ಕಾರವಾರದ ಚೆಂಡಿಯಾದ ರಾಮ ರಾಘೋಬಾ ರಾಣೆ 1948ರ ಏಪ್ರಿಲ್‌ನಲ್ಲಿ ನಾಲ್ಕು ದಿನ ಜಮ್ಮು-ಕಾಶ್ಮೀರದ ನೌಶೇರಾ-ರಾಜೌರಿ ದಾರಿಯಲ್ಲಿ ಗುಂಡಿನ ನಡುವೆ ನೆಲಬಾಂಬ್ ತೆಗೆದು, ಅಡ್ಡ ಹಾಕಿದ್ದ ಮರಗಳನ್ನು ಸರಿಸಿ ಟ್ಯಾಂಕುಗಳಿಗೆ ದಾರಿ ಮಾಡಿದರು. ಬದುಕಿರುವಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರು ಅವರು. ಕಾರವಾರದ ಕಡಲತೀರದಲ್ಲಿ ಅವರ ಪ್ರತಿಮೆ ಇದೆ, ಶಾಲೆಯ ಭಾಷಣದಲ್ಲಿ ಮಕ್ಕಳು ಆ ನಾಲ್ಕು ದಿನದ ಕಥೆಯನ್ನು ಚೆಂದ ಹೇಳುತ್ತಾರೆ, ಹೇಳಲೇಬೇಕು. ಆದರೆ ಅದೇ ನಾಲ್ಕು ದಿನ ಚೆಂಡಿಯಾದ ಮನೆಯಲ್ಲಿ ಹೇಗಿತ್ತು ಎನ್ನುವುದು ಭಾಷಣದಲ್ಲಿ ಬರುವುದಿಲ್ಲ, ಹೇಳಬೇಕಾದವರೂ ಈಗ ಇಲ್ಲ. ನಿಮ್ಮ ವಿಷಯದಲ್ಲಿ ಹಾಗಾಗಬಾರದು. ನೀವು ಇದ್ದೀರಿ.

ನಿಮ್ಮ ಮಗನ ಬಗ್ಗೆ ಎರಡು ಮಾತು. ನನಗೆ ನಿಮ್ಮನೆಯವರಿಗಿಂತ ಜಾಸ್ತಿ ಸಿಟ್ಟು ಅವನ ಮೇಲಿದೆ. ಆ ಏಳು ತಿಂಗಳ ಕೂಸು ಅವನೇ ತಾನೇ? ಅಪ್ಪ ಮಾಡುತ್ತಿರುವುದು ಟೈಮ್‌ಪಾಸ್ ಅಂತೆ, ಅಮ್ಮ ಅಡ್ಜಸ್ಟ್ ಮಾಡ್ಕೋಬೇಕಂತೆ. ಒಂದೇ ಉಸಿರಲ್ಲಿ ಇಬ್ಬರನ್ನೂ ತಳ್ಳಿಬಿಟ್ಟ. ಅಪ್ಪನಿಗೆ ಲ್ಯಾಪ್‌ಟಾಪ್, ಸ್ಕ್ಯಾನರ್ ಕಳಿಸಿಕೊಟ್ಟವನು ಅಮ್ಮನ ಟ್ರಂಕಿನಲ್ಲಿ ಏನಿದೆ ಎಂದು ಕೇಳಿದ್ದಾನೆಯೇ? ಈ ಸಲ ಊರಿಗೆ ಬಂದಾಗ ಅವನಿಗೆ ಈ ಅಂಕಣ ಓದಲು ಕೊಡಿ.

ರಾತ್ರಿ ಎದ್ದು ತಿರುಗುವುದನ್ನು ಮಾತ್ರ ಹಗುರ ಮಾಡಬೇಡಿ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಮೂಲಕ ಮನೋವೈದ್ಯರನ್ನು ಕಾಣಬಹುದು. ನಿಮ್ಮನೆಯವರು ಒಪ್ಪದಿದ್ದರೆ ನೀವೇ ಮೊದಲು 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ನೀವು ಮಾಡಬೇಕಾದ್ದು. ಈ ಅಂಕಣ ಓದುವವರಿಗೆ ನನ್ನ ಹಟ ಗೊತ್ತು: ಒಂದೇ ಮನೆಯಲ್ಲಿದ್ದರೂ ಇನ್ನೊಬ್ಬರ ವಸ್ತುವನ್ನು ಕೇಳಿ ತೆಗೆದುಕೊಳ್ಳಬೇಕು, ಮಧ್ಯಾಹ್ನದ ಊಟ ಒಟ್ಟಿಗೆ ಆಗಬೇಕು. ಆ ಪತ್ರಗಳ ಮಾತು ಅವರದು, ಕಾಗದ ನಿಮ್ಮದು. ಕಾನೂನೂ ಹೆಚ್ಚುಕಡಿಮೆ ಹಾಗೇ ಹೇಳುತ್ತದೆ. ನಾಳೆ ಬೆಳಗ್ಗೆ ಮೆತ್ತಿಗೆ ಹೋಗಿ ಅಷ್ಟೂ ಪತ್ರ ವಾಪಸ್ ತನ್ನಿ, ಟ್ರಂಕಿಗೆ ಹಾಕಿ, ಬೀಗ ಜಡಿಯಿರಿ. ಜಗಳ ಬೇಡ, ಕೂಗಾಟ ಬೇಡ. "ದಿನಕ್ಕೊಂದು ಕೊಡ್ತೇನೆ, ಊಟ ಆದ ಮೇಲೆ, ಜಗುಲಿಯಲ್ಲಿ. ನೀವು ಓದಿ, ಆಮೇಲೆ ಆ ದಿನ ನಾನೇನು ಮಾಡ್ತಿದ್ದೆ ಅಂತ ಕೇಳಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ" ಎಂದು ಹೇಳಿ.

ಗೊಣಗುತ್ತಾರೆ. ಪುಸ್ತಕ ತಡವಾಗುತ್ತದೆ ಎನ್ನುತ್ತಾರೆ. ಆಗಲಿ ಬಿಡಿ. ಸುಬೇದಾರ್ ಸಾಹೇಬರ ಹತ್ತಿರ ತಾಳ್ಮೆಯಿಂದ ಕೇಳುವವರಿಗೆ ಹೆಂಡತಿಯ ಹತ್ತಿರ ಕೇಳಲೂ ಬರುತ್ತದೆ. ಮೊದಲ ದಿನ ಕೊಡುವುದು ಅಕ್ಟೋಬರ್‌ನಲ್ಲಿ ನಿಂತುಹೋಗುವ ಮೊದಲು ಬಂದ ಕೊನೆಯ ಪತ್ರ. ಯಾವುದು ಎಂದು ನಿಮಗೆ ಮೂಲೆಯ ತಾರೀಖು ನೋಡದೆಯೂ ಗೊತ್ತಿರುತ್ತದೆ.